ಹಳೇ ಪ್ಲೇಟಿನ ಬೆಲೆ ಗೆರೆಯಲ್ಲಿದೆ

ಹಳೆಯದು ಅಂದಕೂಡಲೇ ಗ್ರಾಮೋಫೋನ್ ಪ್ಲೇಟಿಗೆ ಬೆಲೆ ಬರುವುದಿಲ್ಲ. ಹುಬ್ಬಳ್ಳಿಯ ಗುಜರಿ ಅಂಗಡಿಯಲ್ಲಿ ಒಂದು ಕಟ್ಟು ಸಿಕ್ಕಾಗ ನಾನು ಮೊದಲು ಕೇಳಿಕೊಳ್ಳುವುದು ಎರಡೇ ಮಾತು: ಇದರಲ್ಲಿರುವ ಹಾಡು ಬೇರೆಲ್ಲಾದರೂ ಉಳಿದಿದೆಯೇ, ಮತ್ತು ಮುಳ್ಳು ಓಡುವ ಗೆರೆ ಇನ್ನೂ ಹಾಡುವ ಸ್ಥಿತಿಯಲ್ಲಿದೆಯೇ. ಲೇಬಲ್, ಕವರ್, ವರ್ಷ ಎಲ್ಲ ಆಮೇಲೆ.

ಹೆಸರಾಂತ ಹಿಂದಿ ಸಿನಿಮಾಗಳ ಎಲ್‌ಪಿಗಳು, ಅಂದರೆ ಹೆಚ್ಚು ಹೊತ್ತು ಹಾಡುವ ವಿನೈಲ್ ಪ್ಲೇಟುಗಳು, ವರ್ಷಗಟ್ಟಲೆ ಮತ್ತೆ ಮತ್ತೆ ಅಚ್ಚಾದವು. ಅವು ಎಲ್ಲ ಊರಲ್ಲೂ ಸಿಗುತ್ತವೆ. ನಮ್ಮ ಕಡೆಯ ನಿಜವಾದ ಸಂಪತ್ತು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಪ್ಲೇಟುಗಳಲ್ಲಿದೆ. ಕುಂದಗೋಳದ ಸವಾಯಿ ಗಂಧರ್ವರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಧಾರವಾಡದ ಮಲ್ಲಿಕಾರ್ಜುನ ಮನ್ಸೂರ ಇವರೆಲ್ಲ ಹತ್ತಿಂಚಿನ ಪ್ಲೇಟಿನ ಮೂರು ನಿಮಿಷದೊಳಗೆ ರಾಗ ಹಿಡಿದಿಟ್ಟವರು. ಗಂಗೂಬಾಯಿಯವರ 1930ರ ದಶಕದ ಪ್ಲೇಟಿನಲ್ಲಿ ಕೇಳುವುದು ತೆಳುವಾದ, ಎತ್ತರದ ದನಿ. ನಾವೆಲ್ಲ ಕೇಳಿ ಬೆಳೆದ ಆ ಗಂಭೀರ ಕಂಠ ಆಮೇಲಿನದು. ಲೇಬಲ್ ಮೇಲೆ ‘ಗಾಂಧಾರಿ’ ಅಂತ ಇದ್ದರೆ ಅದು ಅವರ ಹುಟ್ಟುಹೆಸರು. ಅಂಥ ಪ್ಲೇಟನ್ನು ಯಾವ ಸ್ಥಿತಿಯಲ್ಲಿದ್ದರೂ ಬಿಡಬಾರದು. ಮನ್ಸೂರರ ಮೊದಲ ಪ್ಲೇಟುಗಳೂ ಹಾಗೆಯೇ: ಮಿರಜದ ನೀಲಕಂಠ ಬುವಾ ಅವರಲ್ಲಿ ಕಲಿತ ಗ್ವಾಲಿಯರ್ ಘರಾಣೆಯ ಹಾಡುವ ಶೈಲಿ ಅವುಗಳಲ್ಲಿದೆ. ಜೈಪುರ-ಅತ್ರೌಲಿ ಘರಾಣೆಯ ಮನ್ಸೂರರನ್ನಷ್ಟೇ ಬಲ್ಲವರಿಗೆ ಇವು ಬೇರೆಯೇ ಮನುಷ್ಯನ ಹಾಡಿನಂತೆ ಕೇಳುತ್ತವೆ.

ಇಲ್ಲಿ ಬೇಡವೆಂದು ಎಸೆಯುವ ಇನ್ನೊಂದು ಬಗೆಯಿದೆ. ಇಂಗ್ಲೆಂಡಿನಲ್ಲಿ 78ರ ಕಾಲ ಮುಗಿದ ಮೇಲೂ ಕಲ್ಕತ್ತೆಯ ಡಂಡಂ ಕಾರ್ಖಾನೆ 1960ರ ದಶಕದಲ್ಲಿ ಅವನ್ನು ಅಚ್ಚು ಹಾಕುತ್ತಲೇ ಇತ್ತು. ಹೀಗಾಗಿ ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು ಪಾರ್ಲೋಫೋನ್ ಲೇಬಲ್‌ನಲ್ಲಿ, ಡಿಪಿಇ ಎಂಬ ಸಂಖ್ಯಾಸರಣಿಯಲ್ಲಿ, ಭಾರತದಲ್ಲಿ 78 ಆಗಿಯೂ ಬಂದವು. ವಿದೇಶದ ಸಂಗ್ರಾಹಕರು ಇವಕ್ಕೆ ದೊಡ್ಡ ಬೆಲೆ ಕೊಡುತ್ತಾರೆ. ಇಂಗ್ಲಿಷ್ ಹಾಡು, ನಮಗೇಕೆ ಅಂತ ಪಕ್ಕಕ್ಕಿಡಬೇಡಿ.

ಪ್ಲೇಟು ಎಲ್ಲಿಂದ ಬಂತು ಅನ್ನುವುದು ಗೆರೆಯ ಸ್ಥಿತಿಯನ್ನು ಅರ್ಧ ಹೇಳಿಬಿಡುತ್ತದೆ. ಮದುವೆ, ಜಾತ್ರೆಗೆ ಮೈಕ್‌ಸೆಟ್ ಹಚ್ಚುತ್ತಿದ್ದವರ ಅಟ್ಟದಲ್ಲಿ ರಾಶಿ ಸಿಗುತ್ತದೆ, ಆದರೆ ಬಹುತೇಕ ಸವೆದಿರುತ್ತದೆ. ಕಾರಣ ಪಿನ್ನು. ಅರಗಿನ ಮಿಶ್ರಣದಲ್ಲಿ ನುಣ್ಣನೆಯ ಕಲ್ಲಿನ ಪುಡಿ ಇರುತ್ತದೆ. ಹೊಸ ಉಕ್ಕಿನ ಪಿನ್ನು ಮೊದಲ ಕೆಲವು ಸುತ್ತಿನಲ್ಲಿ ಆ ಪುಡಿಗೆ ಉಜ್ಜಿ ಗೆರೆಯ ಆಕಾರಕ್ಕೆ ಬರಲಿ ಎಂಬುದೇ ಅದರ ಉದ್ದೇಶ. ಒಂದು ಬದಿ ಮುಗಿಯುವಷ್ಟರಲ್ಲಿ ಪಿನ್ನಿನ ತುದಿಗೆ ಚಪ್ಪಟೆ ಅಂಚು ಮೂಡುತ್ತದೆ. ಅದನ್ನೇ ಎರಡನೇ ಪ್ಲೇಟಿಗೆ ಹಚ್ಚಿದರೆ ಆ ಅಂಚು ಉಳಿಯಂತೆ ಗೆರೆಯ ಗೋಡೆಯನ್ನು ಕೆತ್ತುತ್ತದೆ. ಪ್ರತಿ ಬದಿಗೂ ಹೊಸ ಪಿನ್ನು ಹಾಕಬೇಕೆಂಬ ನಿಯಮವನ್ನು ಮೈಕ್‌ಸೆಟ್ಟಿನಲ್ಲಿ ಪಾಲಿಸಿದವರು ಕಡಿಮೆ. ಸಂಗೀತ ಬಲ್ಲ ಮನೆತನದ ವಾಡೆಯಿಂದ ಬಂದ ಹತ್ತು ಪ್ಲೇಟು ಅಂಥ ನೂರಕ್ಕಿಂತ ಮೇಲು.

ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಪ್ಲೇಟು ನೋಡಬಾರದು. ‘ಕಾಕಾ, ಬೆಳಕಿಗೆ ಒಯ್ದು ನೋಡ್ಲೇನ್ರೀ?’ ಅಂತ ಕೇಳಿ ಹೊರಗೆ ತನ್ನಿ, ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಚೆನ್ನಾಗಿರುವ 78 ಕಪ್ಪಗೆ ಹೊಳೆಯುತ್ತದೆ. ಬೂದಿ ಬಣ್ಣಕ್ಕೆ ತಿರುಗಿದ್ದರೆ, ಅದರಲ್ಲೂ ದನಿ ಜೋರಾಗುವ ಜಾಗದಲ್ಲಿ ಪಟ್ಟೆಪಟ್ಟೆಯಾಗಿ ಬಿಳಿಚಿದ್ದರೆ, ಗೆರೆ ಸವೆದಿದೆ. ಎಷ್ಟು ತೊಳೆದರೂ ಅದು ವಾಪಸು ಬರುವುದಿಲ್ಲ. ಆಮೇಲೆ ನಡುವಿನ ತೂತಿನಲ್ಲಿ ಬೆರಳಿಟ್ಟು ಎತ್ತಿ, ಅಂಚಿಗೆ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಟ್ಟಿ ಪ್ಲೇಟು ಟಣ್ ಅನ್ನುತ್ತದೆ, ಕಣ್ಣಿಗೆ ಕಾಣದ ಬಿರುಕಿದ್ದರೆ ಜರ್ ಎಂಬ ಸದ್ದು ಬರುತ್ತದೆ. ಅಂಚಿನ ಚೂರು ಹಾರಿದ್ದರೂ ಅದು ಹಾಡಿನ ಗೆರೆ ಮುಟ್ಟದಿದ್ದರೆ ನಾನು ತಗೊಳ್ಳುತ್ತೇನೆ. ಎಲ್‌ಪಿ ಆದರೆ ತೂತಿನ ಸುತ್ತ ಲೇಬಲ್ ಮೇಲೆ ಸಣ್ಣ ಗೀಚು ಎಷ್ಟಿವೆ ನೋಡಿ. ಹೆಚ್ಚಿದ್ದಷ್ಟೂ ಹೆಚ್ಚು ಬಾರಿ ಹಚ್ಚಿದ್ದಾರೆಂದು ಅರ್ಥ. ಕವರ್ ಮೇಲಿನ ಸಂಖ್ಯೆಯೂ ಪ್ಲೇಟಿನ ಸಂಖ್ಯೆಯೂ ಒಂದೇ ಇವೆಯೇ ಎಂದು ನೋಡದೆ ದುಡ್ಡು ಕೊಡಬೇಡಿ. ಒಳ್ಳೆಯ ಕವರಿನಲ್ಲಿ ಬೇರೆ ಪ್ಲೇಟು ಇಟ್ಟಿರುವುದು ಸಾಮಾನ್ಯ.

ಎಚ್‌ಎಂವಿ ಎಲ್‌ಪಿಗಳಲ್ಲಿ ಇಎಎಲ್‌ಪಿ, ಇಸಿಎಲ್‌ಪಿ ಎಂದು ಶುರುವಾಗುವ ಸಂಖ್ಯೆ ಮೋನೊ (ಒಂದೇ ವಾಹಿನಿಯ ಧ್ವನಿ). ಇಎಎಸ್‌ಡಿ, ಇಸಿಎಸ್‌ಡಿ ಸ್ಟೀರಿಯೊ. ಮೂಲತಃ ಮೋನೊದಲ್ಲಿ ಧ್ವನಿಮುದ್ರಿತವಾದ ಶಾಸ್ತ್ರೀಯ ಸಂಗೀತಕ್ಕೆ ನಾನು ಮೋನೊ ಅಚ್ಚನ್ನೇ ಹುಡುಕುತ್ತೇನೆ. ಲೇಬಲ್ ಸುತ್ತ ಗೆರೆಯಿಲ್ಲದ ನುಣುಪು ಪಟ್ಟಿಯಲ್ಲಿ ಕೊರೆದ ಇನ್ನೊಂದು ಸಂಖ್ಯೆ ಇರುತ್ತದೆ. ಅದು ಮ್ಯಾಟ್ರಿಕ್ಸ್ ಸಂಖ್ಯೆ, ಅಂದರೆ ಆ ಧ್ವನಿಮುದ್ರಣದ ಸ್ವಂತ ಗುರುತು. ಲೇಬಲ್ ಬದಲಾಗಬಹುದು, ಮರು ಅಚ್ಚಾಗಬಹುದು, ಈ ಸಂಖ್ಯೆ ಅದೇ ಇದ್ದರೆ ಧ್ವನಿಮುದ್ರಣವೂ ಅದೇ.

ತೊಳೆಯುವುದರಲ್ಲೇ ಹೆಚ್ಚು ಪ್ಲೇಟು ಹಾಳಾಗುತ್ತವೆ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. 78ಕ್ಕೆ ಸ್ಪಿರಿಟ್, ಸ್ಯಾನಿಟೈಸರ್, ಕಲೋನ್ ಯಾವುದನ್ನೂ ಸೋಕಿಸಬಾರದು. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಸೌಮ್ಯ ದ್ರವದ ನಾಲ್ಕೈದು ಹನಿ ಸಾಕು. ಬೋರ್‌ವೆಲ್ ನೀರು ಬೇಡ, ಅದರಲ್ಲೂ ಗದಗ ಕಡೆಯ ಗಡಸು ನೀರು ಒಣಗಿದ ಮೇಲೆ ಗೆರೆಯೊಳಗೆ ಸುಣ್ಣ ಬಿಡುತ್ತದೆ. ಮೃದು ಕುಂಚದಿಂದ ಗೆರೆಯ ಗುಂಟ ಸುತ್ತಿ, ಅಡ್ಡ ಉಜ್ಜಬೇಡಿ. ಲೇಬಲ್ ಒದ್ದೆಯಾಗದಂತೆ ಬದಿ ಹಿಡಿದು ಕೆಲಸ ಮಾಡಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೊಮ್ಮೆ ತೊಳೆದು, ಹತ್ತಿ ಬಟ್ಟೆಯಿಂದ ಒತ್ತಿ ನೀರು ಹೀರಿ ನೆರಳಲ್ಲಿ ನಿಲ್ಲಿಸಿ. ಕೆಲವು ಕೊಲಂಬಿಯಾ ಪ್ಲೇಟುಗಳ ಒಳಗೆ ಕಾಗದದ ಪದರಿದೆ. ಅವು ಬಿರಿದಿದ್ದರೆ ನೀರು ಒಳಗೆ ಹೋಗಿ ಉಬ್ಬುತ್ತವೆ. ಒಣ ಕುಂಚವಷ್ಟೇ ಸಾಕು.

ಧಾರವಾಡದ ಮಳೆಗಾಲಕ್ಕೆ ಬಿಳಿ ಬೂಸ್ಟು ಹಿಡಿಯುತ್ತದೆ, ಬೇಸಿಗೆಯಲ್ಲಿ ತಗಡಿನ ಮಾಡಿನ ಅಟ್ಟ ವಿನೈಲನ್ನು ಬಾಗಿಸುತ್ತದೆ. ನೇರವಾಗಿ ನಿಲ್ಲಿಸಿಡಿ, ಓರೆಯಾಗಿ ಅಲ್ಲ. ಒಂದರ ಮೇಲೊಂದು ಪೇರಿಸಿಟ್ಟರೆ ಕೆಳಗಿನ ಅರಗಿನ ಪ್ಲೇಟು ಸೀಳುತ್ತದೆ. ಒಂದು ಅಡಿ ಅಗಲದ ಎಲ್‌ಪಿ ಸಾಲು ಸುಮಾರು 16-18 ಕಿಲೋ ತೂಗುತ್ತದೆ, 78ರ ಸಾಲು ಇನ್ನೂ ಹೆಚ್ಚು. ತೆಳು ಪ್ಲೈವುಡ್ ಹಲಗೆ ಇದನ್ನು ತಾಳುವುದಿಲ್ಲ. ಗೆದ್ದಲಿಗೆ ಕವರ್ ಅಂದರೆ ಊಟ, ಗೋಡೆಗೆ ತಾಗಿಸಬೇಡಿ. ಪಿವಿಸಿ ಹೊದಿಕೆಯಲ್ಲಿ ವಿನೈಲ್ ಇಡಬೇಡಿ. ಸೆಕೆಗೆ ಅದು ಮಂಕು ಕಲೆ ಮೂಡಿಸುತ್ತದೆ. ಪಾಲಿಥೀನ್ ಒಳಕವರ್ ಒಳ್ಳೆಯದು.

ಹಚ್ಚುವಾಗ ಎಲ್‌ಪಿಯ ಮುಳ್ಳು 78ಕ್ಕೆ ನಡೆಯುವುದಿಲ್ಲ. ಎಲ್‌ಪಿಯ ಮುಳ್ಳಿನ ತುದಿ ಸುಮಾರು 18-25 ಮೈಕ್ರಾನ್; 78ಕ್ಕೆ ಬೇಕಾದದ್ದು 76 ಮೈಕ್ರಾನ್, ಅಂದರೆ ‘3 ಮಿಲ್’ (ಇಂಚನ್ನು ಸಾವಿರ ಪಾಲು ಮಾಡಿದರೆ ಮೂರು ಪಾಲು). ಸಣ್ಣ ಮುಳ್ಳು ಗೆರೆಯ ತಳದಲ್ಲಿ ಅಡ್ಡಾಡಿ ಬರೀ ಕರಕರ ಸದ್ದು ಕೊಡುತ್ತದೆ. ಸವೆದ ಪ್ಲೇಟಿಗೆ 2.5 ಇಲ್ಲವೇ 3.5 ಮಿಲ್ ಮುಳ್ಳು ಹಾಕಿ ನೋಡಿ. ಹಳೇ ಉಕ್ಕಿನ ಪಿನ್ನು ಗೋಡೆಯ ಒಂದೇ ಎತ್ತರದಲ್ಲಿ ಉಜ್ಜಿರುತ್ತದೆ. ಸ್ವಲ್ಪ ಮೇಲೋ ಕೆಳಗೋ ಸವೆಯದ ಜಾಗ ಸಿಕ್ಕರೆ ಸತ್ತಂತಿದ್ದ ದನಿ ಎದ್ದು ಬರುತ್ತದೆ. ಮುಳ್ಳು ಗೆರೆಯ ಮೇಲೆ ಒತ್ತುವ ಭಾರ 3ರಿಂದ 5 ಗ್ರಾಂ ಇರಲಿ. ಈಗಿನ ಆಂಪ್ಲಿಫೈಯರಿನ ಫೋನೋ ತಿದ್ದುಪಡಿ, ಅಂದರೆ ಪ್ಲೇಟಿನ ದನಿಯ ಏರುಪೇರು ಸರಿಪಡಿಸುವ ವ್ಯವಸ್ಥೆ, ಎಲ್‌ಪಿಗಾಗಿ ಮಾಡಿದ್ದು. ಅದು 10 ಕಿಲೋಹರ್ಟ್ಜ್ ಹತ್ತಿರ 13.7 ಡೆಸಿಬೆಲ್ ಇಳಿಸುವುದರಿಂದ 78ರ ದನಿ ಕಂಬಳಿ ಹೊದ್ದಂತಾಗುತ್ತದೆ. ಟ್ರೆಬಲ್ ಏರಿಸಿ ಕೇಳಿ.

ವೇಗ ಸರಿಯಿದೆಯೇ ಎಂದು ನೋಡಲು ಹಾರ್ಮೋನಿಯಂ ಇಟ್ಟುಕೊಳ್ಳಿ. ಹಳೇ ಪ್ಲೇಟೆಲ್ಲ ಸರಿಯಾಗಿ 78ರಲ್ಲೇ ಮುದ್ರಿತವಾದವಲ್ಲ; 76ಕ್ಕೂ 80ಕ್ಕೂ ಹೆಚ್ಚುಕಡಿಮೆ ಒಂದು ಪಟ್ಟಿಯ, ಅಂದರೆ ಹಾರ್ಮೋನಿಯಂನ ಒಂದು ಮನೆಯ, ಅಂತರವಿದೆ. ಹಾಡಿದವರು ಆ ಕಾಲದಲ್ಲಿ ಯಾವ ಪಟ್ಟಿಗೆ ಹಾಡುತ್ತಿದ್ದರೆಂದು ಬಲ್ಲವರನ್ನು ಕೇಳಿ, ಷಡ್ಜ ಅಲ್ಲಿ ಕೂಡುವವರೆಗೆ ತಿರುಗಣಿಯ ವೇಗ ಸರಿಪಡಿಸಿ. ಗಂಗೂಬಾಯಿಯವರ ಎಳೆಯ ದನಿಯ ಪ್ಲೇಟಿಗೆ ಮಾತ್ರ ಅವರ ಮುಂದಿನ ಪಟ್ಟಿಯನ್ನು ಅಳತೆ ಮಾಡಬೇಡಿ. 78 ಓಡಿಸುವ ಯಂತ್ರವಿಲ್ಲದಿದ್ದರೆ 3 ಮಿಲ್ ಮುಳ್ಳಿನಿಂದ 45ರಲ್ಲಿ ಕಂಪ್ಯೂಟರಿಗೆ ತುಂಬಿ ವೇಗವನ್ನು 1.733 ಪಟ್ಟು ಮಾಡಬಹುದು. 24 ಬಿಟ್, 96 ಕಿಲೋಹರ್ಟ್ಜ್‌ನಲ್ಲಿ ತುಂಬಿಕೊಳ್ಳಿ. ಕರಕರ ತೆಗೆಯುವ ಮೊದಲಿನ ಮೂಲ ಕಡತವನ್ನು ಹಾಗೇ ಉಳಿಸಿ, ಅದರ ಹೆಸರಿಗೆ ಹಾಡಿನ ಜೊತೆ ಮ್ಯಾಟ್ರಿಕ್ಸ್ ಸಂಖ್ಯೆ, ಹಾಕಿದ ಮುಳ್ಳಿನ ಅಳತೆ, ಓಡಿಸಿದ ವೇಗ ಮೂರನ್ನೂ ಸೇರಿಸಿ.