ಕೋರ್ಟ್ ಪ್ರೊಬೇಷನ್ ಮೇಲೆ ಬಿಟ್ಟಿದೆ, ಮುಂದೇನು?

ತಪ್ಪು ಸಾಬೀತಾಗಿದೆ, ಆದರೂ ಜೈಲಿಗೆ ಕಳಿಸುತ್ತಿಲ್ಲ, ಮುಚ್ಚಳಿಕೆ ಬರೆದುಕೊಟ್ಟು ಪ್ರೊಬೇಷನ್ ಆಫೀಸರ್ ಉಸ್ತುವಾರಿಯಲ್ಲಿ ಇರಬೇಕು ಅಂತ ಜಡ್ಜ್ ಹೇಳಿದಾಗ ಮನೆಯವರಿಗೆ ಹೋದ ಜೀವ ಬಂದ ಹಾಗಾಗುತ್ತದೆ. ಸದ್ಯ ಕೇಸ್ ಮುಗೀತಲ್ಲ ಅಂದುಕೊಳ್ಳುತ್ತಾರೆ. ಮುಗಿದಿಲ್ಲ. ಶಿಕ್ಷೆ ಕೊಡುವುದನ್ನು ಕೋರ್ಟ್ ತಡೆದು ಇಟ್ಟುಕೊಂಡಿದೆ ಅಷ್ಟೆ, ಬೇಕಾದಾಗ ಕರೆಸಿ ಕೊಡಬಹುದು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, ಅಂದರೆ ಎಲ್ಲರೂ ಪ್ರೊಬೇಷನ್ ಆಕ್ಟ್ ಅನ್ನುವುದು, ನಡೆಯುವುದೇ ಹೀಗೆ.

ಪ್ರೊಬೇಷನ್ ಸಿಗಬೇಕಾದರೆ ಮೊದಲು ಅದನ್ನು ಕೋರ್ಟಿನಲ್ಲಿ ಕೇಳಬೇಕು. ತಾನಾಗೇ ಸಿಗುತ್ತದೆ ಅಂತ ಕೂರಬೇಡಿ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಆಗಬಹುದಾದ ಅಪರಾಧಗಳಿಗೆ ಪ್ರೊಬೇಷನ್ ಇಲ್ಲ. ಉಳಿದ ಬಹುಪಾಲು ಕೇಸುಗಳಲ್ಲಿ 4ನೇ ಸೆಕ್ಷನ್ ಅಡಿ ಕೇಳಬಹುದು, ಕೊಡುವುದು ಬಿಡುವುದು ಕೋರ್ಟಿಗೆ ಬಿಟ್ಟದ್ದು. ಆರೋಪಿಗೆ 21 ವರ್ಷ ತುಂಬಿಲ್ಲದಿದ್ದರೆ ಮಾತು ಬೇರೆ. ಆಗ 6ನೇ ಸೆಕ್ಷನ್ ಪ್ರಕಾರ ಕೋರ್ಟ್ ಪ್ರೊಬೇಷನ್ ಆಫೀಸರ್ ವರದಿ ತರಿಸಿಕೊಳ್ಳಲೇಬೇಕು, ಜೈಲಿಗೇ ಕಳಿಸುವುದಾದರೆ ಯಾಕೆ ಅಂತ ಕಾರಣ ಬರೆಯಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಅಪರಾಧ ನಡೆದ ದಿನದ ವಯಸ್ಸಲ್ಲ, ವಿಚಾರಣಾ ಕೋರ್ಟ್ ಶಿಕ್ಷೆ ಏನು ಅಂತ ತೀರ್ಮಾನಿಸುವ ದಿನದ್ದು. ಹಾಗಾಗಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ವಕೀಲರ ಕೈಯಲ್ಲಿ ಮೊದಲೇ ಇರಲಿ. ವಕೀಲರಿಗೆ ಕೊಡಲು ದುಡ್ಡಿಲ್ಲವೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಉಂಟು.

ಇನ್ನು ಆ ವರದಿ. ನನ್ನ ಕೇಳಿದರೆ ಅರ್ಧ ಕೆಲಸ ಇಲ್ಲೇ ಆಗುತ್ತದೆ. ಆಫೀಸರ್ ಮನೆಗೆ ಬರಬಹುದು. ಮನೆಯಲ್ಲಿ ಎಷ್ಟು ಜನ, ದುಡಿಯುವವರು ಯಾರು, ಹುಡುಗ ಓದು ಬಿಟ್ಟಿದ್ದು ಯಾಕೆ, ಸಂಜೆ ಯಾರ ಜೊತೆ ತಿರುಗುತ್ತಾನೆ, ಕುಡಿತ ಇದೆಯಾ, ಸಾಲ ಇದೆಯಾ, ಇಂಥವೇ ಪ್ರಶ್ನೆ. ಪಕ್ಕದ ಮನೆಯವರನ್ನೋ ಕೆಲಸ ಕೊಟ್ಟ ಮಾಲೀಕರನ್ನೋ ವಿಚಾರಿಸಬಹುದು. ಅವತ್ತು ಎಷ್ಟೋ ಮನೆಗಳಲ್ಲಿ ತಾಯಿ ‘ನಮ್ಮ ಹುಡುಗ ಚಿನ್ನ, ಪೊಲೀಸರೇ ಸಿಕ್ಕಿಸಿದ್ದು’ ಅಂತ ಶುರು ಮಾಡುತ್ತಾರೆ. ಅದರಿಂದ ಏನೂ ಉಪಯೋಗವಿಲ್ಲ. ತಪ್ಪು ನಡೆದಿದೆಯೋ ಇಲ್ಲವೋ ಅನ್ನುವುದು ಅಷ್ಟು ಹೊತ್ತಿಗೆ ಇತ್ಯರ್ಥ ಆಗಿರುತ್ತದೆ. ಆಫೀಸರ್ ನೋಡಲು ಬಂದಿರುವುದು ಇವನನ್ನು ಹೊರಗೆ ಬಿಟ್ಟರೆ ಹಿಡಿದು ನಿಲ್ಲಿಸುವವರು ಯಾರಾದರೂ ಇದ್ದಾರಾ ಅಂತ. ಕುಡಿತ ಇದ್ದರೆ ಇದೆ ಅನ್ನಿ, ಬಿಡಿಸಲು ಏನು ಮಾಡುತ್ತಿದ್ದೀರಿ ಅನ್ನುವುದನ್ನೂ ಹೇಳಿ. ‘ನಾಳೆಯಿಂದಲೇ ಮಾವನ ಗ್ಯಾರೇಜಿಗೆ ಬರಲಿ ಅಂದಿದ್ದಾರೆ, ಅವರ ನಂಬರ್ ಇದು’ ಅನ್ನುವ ಒಂದು ಮಾತು ಹತ್ತು ಸರ್ಟಿಫಿಕೇಟಿಗಿಂತ ಗಟ್ಟಿ. ವರದಿ ಗೌಪ್ಯ, ಅದರ ಪ್ರತಿ ಕೈಗೆ ಸಿಗುವುದಿಲ್ಲ. ಆದರೆ ಅದರಲ್ಲಿ ಏನಿದೆ ಅನ್ನುವ ಸಾರಾಂಶವನ್ನು ಕೋರ್ಟ್ ತಿಳಿಸಬಹುದು, ತಪ್ಪಿದ್ದರೆ ನಿಮ್ಮ ಕಡೆಯ ಸಾಕ್ಷಿ ಕೊಡಲು ಅವಕಾಶ ಮಾಡಬಹುದು. ವಕೀಲರಿಗೆ ಇದನ್ನು ನೆನಪಿಸಿ.

ಮುಚ್ಚಳಿಕೆ ಬರೆಯುವ ದಿನ ಅವಸರ ಬೇಡ. ಅವಧಿ 3 ವರ್ಷ ಮೀರುವಂತಿಲ್ಲ. ಅದರ ಜೊತೆ ಉಸ್ತುವಾರಿ ಆದೇಶವೂ ಬಂದರೆ ಆ ಉಸ್ತುವಾರಿ ಕನಿಷ್ಠ 1 ವರ್ಷ. ಎಲ್ಲಿ ವಾಸ ಇರಬೇಕು, ಮದ್ಯ ಮುಟ್ಟಬಾರದು, ಹೀಗೆ ಷರತ್ತುಗಳು ಇರುತ್ತವೆ. ಅರ್ಥವಾಗದ್ದನ್ನು ಅಲ್ಲೇ ಕೇಳಿ, ವಿವರಿಸುವುದು ಕೋರ್ಟಿನ ಕೆಲಸ. ಉಸ್ತುವಾರಿ ಆದೇಶದ ಒಂದು ಪ್ರತಿ ನಿಮಗೆ, ಇನ್ನೊಂದು ಜಾಮೀನುದಾರರಿಗೆ ಸಿಗಬೇಕು. ಜಾಮೀನು ನಿಂತ ಚಿಕ್ಕಪ್ಪನಿಗೂ ಓದಿ ಹೇಳಿ, ಪಾಪ ಅವರು ಸುಮ್ನೆ ಒಂದು ಸಹಿ ಅಂದುಕೊಂಡಿರುತ್ತಾರೆ. ಹುಡುಗ ಷರತ್ತು ಮುರಿದರೆ ಅವರ ದುಡ್ಡಿಗೂ ಕುತ್ತು. ಪರಿಹಾರ ಕಟ್ಟಲು ಕೋರ್ಟ್ ಹೇಳಿದ್ದರೆ ಅದನ್ನೂ ಆಫೀಸರ್ ಜೊತೆ ಮಾತಾಡಿ, ಆ ವಿಷಯದಲ್ಲಿ ದಾರಿ ತೋರಿಸುವುದು ಅವರ ಕರ್ತವ್ಯದಲ್ಲೇ ಬರುತ್ತದೆ.

ಆಮೇಲಿನದು ತಾಳ್ಮೆಯ ಕೆಲಸ. ಹೇಳಿದ ದಿನ ಹೋಗಿ ಹಾಜರಾಗಬೇಕು. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಹೋದ ತಾರೀಖು, ಯಾರನ್ನು ನೋಡಿದ್ದು, ಮುಂದಿನ ತಾರೀಖು ಬರೆಯಿರಿ. ಆಫೀಸರ್ ಮೀಟಿಂಗಿಗೆ ಹೋಗಿದ್ದರೆ ಅದನ್ನೂ ಬರೆಯಿರಿ, ಯಾಕೆಂದರೆ ನಾಳೆ ‘ಇವನು ಬಂದಿಲ್ಲ’ ಅನ್ನುವ ಮಾತು ಬಂದಾಗ ತೋರಿಸಲು ಏನಾದರೂ ಬೇಕಲ್ವಾ. ಜ್ವರ ಬಂದರೆ, ಮನೆಯಲ್ಲಿ ಸಾವು ಆದರೆ, ಅವತ್ತೇ ಫೋನ್ ಮಾಡಿ. ಇವರು ಪೊಲೀಸರಲ್ಲ. ಕೆಲಸ ಹುಡುಕಿಕೊಡಲು ಪ್ರಯತ್ನಿಸುವುದೂ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಅವರ ಕೆಲಸವೇ, ಕೇಳುವವರು ಕಡಿಮೆ ಅಷ್ಟೆ.

ಜಾಸ್ತಿ ಎಡವಟ್ಟಾಗುವುದು ಊರು ಬಿಡುವಾಗ. ತುಮಕೂರಿನ ಹುಡುಗನಿಗೆ ಪೀಣ್ಯದಲ್ಲಿ ಒಳ್ಳೆಯ ಕೆಲಸ ಸಿಗುತ್ತದೆ ಅನ್ನಿ, ಖುಷಿಯಲ್ಲಿ ಬಟ್ಟೆ ಕಟ್ಟಿಕೊಂಡು ಬಸ್ ಹತ್ತುತ್ತಾನೆ. ಆದೇಶದಲ್ಲಿ ವಾಸದ ಷರತ್ತು ಇದ್ದರೆ ಅದು ಉಲ್ಲಂಘನೆ, ಕಾರಣ ಎಷ್ಟೇ ಒಳ್ಳೆಯದಿರಲಿ. ಮೊದಲು ಆಫೀಸರಿಗೆ ಹೇಳಿ. ಅವರು 8ನೇ ಸೆಕ್ಷನ್ ಅಡಿ ಅರ್ಜಿ ಹಾಕಿದರೆ ಕೋರ್ಟ್ ಷರತ್ತು ಬದಲಿಸಬಹುದು. ನಡತೆ ಚೆನ್ನಾಗಿದ್ದರೆ ಇದೇ ದಾರಿಯಲ್ಲಿ ಅವಧಿಗೆ ಮೊದಲೇ ಮುಚ್ಚಳಿಕೆಯಿಂದ ಬಿಡುಗಡೆಯನ್ನೂ ಕೇಳಬಹುದು.

ಷರತ್ತು ಮುರಿದರೆ ಸಮನ್ಸ್ ಅಥವಾ ವಾರಂಟ್ ಬರುತ್ತದೆ. ಕೋರ್ಟಿಗೆ ಮನವರಿಕೆಯಾದರೆ ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು. ಮೊದಲ ಸಲದ ತಪ್ಪಾದರೆ ಬರೀ 50 ರೂಪಾಯಿವರೆಗೆ ದಂಡ ಹಾಕಿ ಪ್ರೊಬೇಷನ್ ಮುಂದುವರಿಸಲೂಬಹುದು. 1958ರ ಮೊತ್ತ ಅದು, ಈಗ ಒಂದು ಮಸಾಲೆ ದೋಸೆಗೂ ಸಾಲದು! ಆದರೆ ಅದನ್ನು ಕಟ್ಟದಿದ್ದರೆ ಮತ್ತೆ ಮೂಲ ಶಿಕ್ಷೆಯ ಬಾಗಿಲು ತೆರೆಯುತ್ತದೆ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆ ಅನ್ನುವ ಹೊಸ ಶಿಕ್ಷೆಯೂ ಬಂದಿದೆ. ಇದು ಪ್ರೊಬೇಷನ್ ಅಲ್ಲ, ಇದೇ ಶಿಕ್ಷೆ, ಸಂಬಳವಿಲ್ಲದ ದುಡಿಮೆ. ಸಿಗುವುದು ಕೆಲವೇ ಅಪರಾಧಗಳಿಗೆ: ಕುಡಿದು ಸಾರ್ವಜನಿಕವಾಗಿ ಗಲಾಟೆ, ಮಾನನಷ್ಟ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಸಲ ಶಿಕ್ಷೆಗೆ ಒಳಗಾಗಿ ವಸ್ತುವನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟವರು, ಹೀಗೆ. ಎಷ್ಟು ಗಂಟೆ ಅಂತ ಸಂಹಿತೆ ಹೇಳಿಲ್ಲ. ಅದಕ್ಕೇ ಎಲ್ಲಿ, ಎಷ್ಟು ದಿನ, ಮುಗಿದ ಮೇಲೆ ಸಹಿ ಹಾಕುವವರು ಯಾರು ಅನ್ನುವುದು ಆದೇಶದಲ್ಲೇ ಬರಲಿ ಅಂತ ಕೇಳಿಕೊಳ್ಳಿ.

ಅವಧಿ ಮುಗಿದ ಮೇಲೆ ಒಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ: ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದಾ? ಪ್ರೊಬೇಷನ್ ಆಕ್ಟಿನ 12ನೇ ಸೆಕ್ಷನ್ ಪ್ರಕಾರ ಪ್ರೊಬೇಷನ್ ಸಿಕ್ಕವರಿಗೆ ಆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟುವುದಿಲ್ಲ. ಆದರೆ ತಪ್ಪಿತಸ್ಥ ಅನ್ನುವ ತೀರ್ಪು ಅಳಿಸಿಹೋಗಿರುವುದಿಲ್ಲ, ಈಗಾಗಲೇ ನೌಕರಿಯಲ್ಲಿ ಇರುವವರ ಮೇಲೆ ಇಲಾಖೆ ಕ್ರಮ ತೆಗೆದುಕೊಳ್ಳಲೂಬಹುದು. ಫಾರಂನಲ್ಲಿ ಕೇಸಿನ ಬಗ್ಗೆ ಕೇಳಿದ್ದರೆ ಇದ್ದದ್ದು ಇದ್ದ ಹಾಗೆ ಬರೆಯಿರಿ. ಮುಚ್ಚಿಟ್ಟಿದ್ದೇ ಕೆಲಸ ಹೋಗಲು ಸಾಕು. ತೀರ್ಪಿನ ದೃಢೀಕೃತ ನಕಲನ್ನು ಕೋರ್ಟಿನ ನಕಲು ವಿಭಾಗದಿಂದ ಈಗಲೇ ತೆಗೆಸಿ, ಎರಡು ಜೆರಾಕ್ಸ್ ಮಾಡಿಸಿ, ಫಾರಂ ಜೊತೆ ಒಂದು ಲಗತ್ತಿಸಿ.