ಸೇನಾ ಕಾಕ್‌ಪಿಟ್‌ನಿಂದ ನಾಗರಿಕ ವಿಮಾನಕ್ಕೆ: ನಾನು ದಾಟಿ ಬಂದ ಬಗೆ

ವಾಯುಪಡೆಯಲ್ಲಿ ಸಾಗಣೆ ವಿಮಾನಗಳನ್ನು ಹಾರಿಸುತ್ತಿದ್ದ ನಾನು ನಡುವಯಸ್ಸಿನಲ್ಲಿ ಸೇವೆಯಿಂದ ಬಿಡುಗಡೆ ಪಡೆದು ಪ್ರಯಾಣಿಕ ವಿಮಾನ ಸಂಸ್ಥೆಯೊಂದನ್ನು ಸೇರಿದೆ. ಸಹ ಪೈಲಟ್ ಆಗಿ ಹಲವು ವರ್ಷ ದುಡಿದು ಈಗ ಕ್ಯಾಪ್ಟನ್ ಆಗಿದ್ದೇನೆ. ಇನ್ನೂ ಸೇವೆಯಲ್ಲಿರುವ ಕಿರಿಯರು ಫೋನ್ ಮಾಡಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಸರ್, ಯಾವಾಗ ಬಿಡುವುದು ಒಳ್ಳೆಯದು?’ ಬಿಡುವ ದಿನವನ್ನು ಆಮೇಲೆ ಗೊತ್ತುಮಾಡೋಣ, ಮೊದಲು ನಿಮ್ಮ ವೃತ್ತಿಯ ಉಸ್ತುವಾರಿಯನ್ನು ನೀವೇ ವಹಿಸಿಕೊಳ್ಳಿ ಎಂಬುದು ನನ್ನ ಉತ್ತರ. ಸೇನೆಯಲ್ಲಿ ನಮ್ಮ ಹಾರಾಟದ ದಾಖಲೆಯನ್ನು ಸ್ಕ್ವಾಡ್ರನ್ ಕಚೇರಿ ಇಡುತ್ತದೆ, ಆರೋಗ್ಯವನ್ನು ಸೇನಾ ವೈದ್ಯರು ನೋಡಿಕೊಳ್ಳುತ್ತಾರೆ, ಮುಂದಿನ ತರಬೇತಿ ಯಾವುದು, ಮುಂದಿನ ನೆಲೆ ಎಲ್ಲಿ ಎಂಬುದನ್ನು ಮೇಲಿನವರು ತೀರ್ಮಾನಿಸುತ್ತಾರೆ. ಹೊರಗೆ ಬಂದ ಮೇಲೆ ಇವೆಲ್ಲವೂ ನಮ್ಮದೇ ಹೊಣೆ. ನಾನು ಈ ಹೊಣೆಯನ್ನು ಸೇವೆಯಲ್ಲಿದ್ದಾಗಲೇ ಒಂದೊಂದಾಗಿ ಕೈಗೆತ್ತಿಕೊಂಡೆ. ದಾಟುವ ಕಾಲದಲ್ಲಿ ನನ್ನನ್ನು ಕಾಪಾಡಿದ್ದು ಆ ಮುಂಜಾಗ್ರತೆಯೇ.

ಮೊದಲು ಹಿಡಿದದ್ದು ಲಾಗ್‌ಬುಕ್. ನಾಗರಿಕ ವಿಮಾನಯಾನದ ಪ್ರಕಾರ ಹಾರಾಟದ ಸಮಯವೆಂದರೆ, ಮೇಲೇರುವ ಉದ್ದೇಶದಿಂದ ವಿಮಾನ ಮೊದಲ ಬಾರಿಗೆ ಅಲುಗಿದ ಕ್ಷಣದಿಂದ ಹಾರಾಟ ಮುಗಿಸಿ ಕೊನೆಗೆ ನಿಂತ ಕ್ಷಣದವರೆಗಿನ ಒಟ್ಟು ಅವಧಿ. ನಾನಿದ್ದ ಘಟಕದಲ್ಲಿ ಚಕ್ರ ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗಿನ ಸಮಯವನ್ನು ಮಾತ್ರ ಬರೆಯುತ್ತಿದ್ದರು. ಒಂದು ಹಾರಾಟದಲ್ಲಿ ಈ ವ್ಯತ್ಯಾಸ ಕೆಲವೇ ನಿಮಿಷಗಳದ್ದು. ವರ್ಷಗಟ್ಟಲೆ ಹಾರಿದ ಮೇಲೆ ಅದು ನೂರಾರು ಗಂಟೆಗಳಾಗಿ ಬೆಳೆದಿರುತ್ತದೆ. ಈ ಅಂತರವನ್ನು ತುಂಬಲು ಪ್ರತಿ ಹಾರಾಟಕ್ಕೆ ಇಂತಿಷ್ಟು ಎಂದು ಸೇರಿಸಿಕೊಳ್ಳುವ ವಿಮಾನ ಸಂಸ್ಥೆಗಳಿವೆ, ದಾಖಲೆಯಲ್ಲಿ ಇದ್ದುದನ್ನಷ್ಟೇ ಒಪ್ಪುವ ಸಂಸ್ಥೆಗಳೂ ಇವೆ. ಆದ್ದರಿಂದ ಸೇನಾ ದಾಖಲೆಯ ಅಂಕಿಯನ್ನು ಇದ್ದ ಹಾಗೆಯೇ ಒಂದು ಕಾಲಂನಲ್ಲಿಟ್ಟು, ನಾಗರಿಕ ಲೆಕ್ಕಕ್ಕೆ ಪರಿವರ್ತಿಸಿದ್ದನ್ನು ಪಕ್ಕದ ಕಾಲಂನಲ್ಲಿ ಬರೆದು, ಯಾವ ಸೂತ್ರದಿಂದ ಪರಿವರ್ತಿಸಿದ್ದೇನೆಂಬುದನ್ನು ಪ್ರತಿ ಪುಟದ ಕೆಳಗೆ ನಮೂದಿಸಿದೆ. ಎರಡನ್ನೂ ಬೆರೆಸಿ ಒಂದೇ ಮೊತ್ತ ಬರೆದವರು ಸಂದರ್ಶನದಲ್ಲಿ ಪ್ರತಿಯೊಂದು ಅಂಕಿಗೂ ವಿವರಣೆ ಕೊಡುತ್ತಾ ಕೂರಬೇಕಾಗುತ್ತದೆ.

ಒಟ್ಟು ಗಂಟೆಗಳಿಗಿಂತ ಅವುಗಳ ವಿಂಗಡಣೆ ಮುಖ್ಯ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯಾದ ಐಕಾವೊದ ಮೊದಲನೆಯ ಅನುಬಂಧವು ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಪರವಾನಗಿಗೆ ಕನಿಷ್ಠ 1500 ಗಂಟೆಗಳನ್ನು ಕೇಳುತ್ತದೆ. ಅದರೊಳಗೆ 75 ಗಂಟೆ ಉಪಕರಣಗಳ ನೆರವಿನಿಂದಲೇ ಹಾರಿದ್ದಿರಬೇಕು, 100 ಗಂಟೆ ರಾತ್ರಿಯ ಹಾರಾಟವಿರಬೇಕು, ಕಮಾಂಡ್ ಸಮಯಕ್ಕೂ (ವಿಮಾನದ ಹೊಣೆ ಹೊತ್ತು ಹಾರಿದ ಗಂಟೆಗಳಿಗೂ) ದೂರ ಪ್ರಯಾಣಕ್ಕೂ ಬೇರೆ ಬೇರೆ ಕನಿಷ್ಠ ಮಿತಿಗಳಿವೆ. ಯುದ್ಧವಿಮಾನದ ಪೈಲಟ್‌ಗೆ ಕಮಾಂಡ್ ಸಮಯ ಧಾರಾಳವಾಗಿರುತ್ತದೆ, ಆದರೆ ಒಟ್ಟು ಗಂಟೆಗಳೂ ಇಬ್ಬರು ಕೂಡಿ ಹಾರಿಸಿದ ಅನುಭವವೂ ಕಡಿಮೆ ಬೀಳುತ್ತವೆ. ಸಾಗಣೆ ವಿಮಾನದವರಿಗೆ ಗಂಟೆಗಳು ಹೇರಳ, ಆದರೆ ಎಷ್ಟು ಗಂಟೆ ಕಮಾಂಡರ್ ಆಗಿ, ಎಷ್ಟು ಗಂಟೆ ಎರಡನೆಯವರಾಗಿ ಎಂಬುದು ಹಳೆಯ ದಾಖಲೆಗಳಲ್ಲಿ ಎಷ್ಟೋ ಸಲ ಸ್ಪಷ್ಟವಿರುವುದಿಲ್ಲ. ನನ್ನ ದಾಖಲೆಗಳಲ್ಲಿಯೂ ಅಂಥ ಸಾಲುಗಳಿದ್ದವು. ಸಹಿ ಹಾಕಬೇಕಾದ ಅಧಿಕಾರಿಗಳು ಅದೇ ನೆಲೆಯಲ್ಲಿ ಇದ್ದಾಗಲೇ ಅವನ್ನು ತಿದ್ದಿಸಿ ದೃಢೀಕರಿಸಿಕೊಂಡೆ. ಅವರು ವರ್ಗವಾಗಿ ಹೋದ ಮೇಲೆ, ಇಲ್ಲವೇ ಘಟಕವೇ ವಿಸರ್ಜನೆಯಾದ ಮೇಲೆ, ಅಂಥ ಒಂದು ಸಹಿಗಾಗಿ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಸೇನಾ ಅನುಭವಕ್ಕೆ ಪ್ರತಿಯೊಂದು ದೇಶವೂ ತನ್ನದೇ ರೀತಿಯಲ್ಲಿ ಬೆಲೆ ಕಟ್ಟುತ್ತದೆ. ಅಮೆರಿಕದಲ್ಲಿ ಸೇನಾ ಪೈಲಟ್‌ಗಳು 750 ಗಂಟೆಗಳ ಅನುಭವದ ಮೇಲೆ, ಸಹ ಪೈಲಟ್ ಆಗಿ ಮಾತ್ರ ಹಾರಲು ಅವಕಾಶವಿರುವ ನಿರ್ಬಂಧಿತ ಏರ್‌ಲೈನ್ ಪರವಾನಗಿಯನ್ನು ಪಡೆಯಬಹುದು. ಯುರೋಪಿನ ಒಕ್ಕೂಟದಲ್ಲಿ ಆಯಾ ಸದಸ್ಯ ರಾಷ್ಟ್ರ ಸಿದ್ಧಪಡಿಸಿದ ವರದಿಯ ಆಧಾರದ ಮೇಲೆ ಎಷ್ಟು ವಿನಾಯಿತಿ ಎಂಬುದು ತೀರ್ಮಾನವಾಗುತ್ತದೆ. ನಾನು ಯಾವ ವಿನಾಯಿತಿಗೂ ಕಾಯದೆ ಲಿಖಿತ ಪರೀಕ್ಷೆಗಳನ್ನು ಸೇವೆಯಲ್ಲಿದ್ದಾಗಲೇ ಬರೆದೆ. ಹವಾಮಾನ, ನ್ಯಾವಿಗೇಷನ್ ವಿಷಯಗಳು ಕೈಬಳಕೆಯಲ್ಲಿದ್ದವು. ವಾಯುಯಾನ ಕಾನೂನು, ನಾಗರಿಕ ವಿಮಾನಗಳ ಕಾರ್ಯಕ್ಷಮತೆಯ ಲೆಕ್ಕ, ಇಂಧನ ಮೀಸಲಿನ ನಿಯಮಗಳು ಹೊಸದಾಗಿ ಕಲಿಯಬೇಕಾದವು. ಸೇನೆಯಲ್ಲಿ ಓಡುದಾರಿಯ ಉದ್ದ ಸಾಕೇ ಎಂದು ನೋಡುತ್ತಿದ್ದೆವು. ಒಂದು ಎಂಜಿನ್ ಅತ್ಯಂತ ಕೆಟ್ಟ ಕ್ಷಣದಲ್ಲಿ ನಿಂತುಹೋದರೂ ವಿಮಾನ ನಿಲ್ಲಬಲ್ಲದೇ ಅಥವಾ ಅಡೆತಡೆಗಳನ್ನು ದಾಟಿ ಏರಬಲ್ಲದೇ ಎಂಬ ಲೆಕ್ಕವನ್ನು ಪ್ರತಿ ಹಾರಾಟಕ್ಕೂ ಬಿಡದೆ ಮಾಡುವ ಶಿಸ್ತು ನನಗೆ ದಕ್ಕಿದ್ದು ಈ ಓದಿನಿಂದ. ಅದನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ.

ಹಾರುವಾಗ ದಾರಿಯ ಲೆಕ್ಕ ನೋಡುವ ನ್ಯಾವಿಗೇಟರ್ ಮತ್ತು ಎಂಜಿನ್‌ಗಳ ಮೇಲೆ ಕಣ್ಣಿಡುವ ಫ್ಲೈಟ್ ಎಂಜಿನಿಯರ್ ಗೆಳೆಯರ ದಾರಿ ಇನ್ನೂ ಕಠಿಣ, ಏಕೆಂದರೆ ಇಂದಿನ ಪ್ರಯಾಣಿಕ ವಿಮಾನಗಳ ಕಾಕ್‌ಪಿಟ್ ಇಬ್ಬರು ಪೈಲಟ್‌ಗಳಿಗಾಗಿಯೇ ರಚಿತವಾದದ್ದು. ಆದರೂ ಹಾರಾಟ ಯೋಜನೆ, ಸುರಕ್ಷತಾ ವಿಭಾಗ, ಸಿಮ್ಯುಲೇಟರ್ ತರಬೇತಿಗಳಲ್ಲಿ ಅವರ ಜ್ಞಾನಕ್ಕೆ ನಿಜವಾದ ಬೇಡಿಕೆಯಿದೆ, ಸರಕು ವಿಮಾನಗಳಲ್ಲಿ ಸರಕಿನ ತುಂಬುವಿಕೆ ನೋಡಿಕೊಳ್ಳುವ ಲೋಡ್‌ಮಾಸ್ಟರ್‌ಗಳಿಗೂ ಇದೆ. ಪೈಲಟ್ ಆಗಲೇಬೇಕೆನ್ನುವವರು ನ್ಯಾವಿಗೇಟರ್ ಗಂಟೆಗಳು ಪೈಲಟ್ ಗಂಟೆಗಳ ಸ್ಥಾನ ತುಂಬುತ್ತವೆ ಎಂದು ನಂಬಿ ಕೂರದೆ ಬೇಗ ತರಬೇತಿ ಶುರುಮಾಡಬೇಕು.

ರಾಜೀನಾಮೆ ಪತ್ರ ಬರೆಯುವ ಮುಂಚೆ ಒಂದನೇ ದರ್ಜೆಯ ನಾಗರಿಕ ವೈದ್ಯಕೀಯ ಪರೀಕ್ಷೆ ಮುಗಿಸಿಕೊಂಡಿರಬೇಕೆಂಬ ವಿಷಯದಲ್ಲಿ ನಾನು ಯಾರ ಮುಂದೆಯೂ ಮೆತ್ತಗೆ ಮಾತಾಡುವುದಿಲ್ಲ. ಸೇನಾ ವೈದ್ಯಕೀಯ ಮಂಡಳಿಯ ಅರ್ಹತೆ ತಾನಾಗಿ ನಾಗರಿಕ ಅರ್ಹತೆಯಾಗುವುದಿಲ್ಲ. ವರ್ಷಗಟ್ಟಲೆ ಟರ್ಬೊಪ್ರಾಪ್ ಎಂಜಿನ್‌ಗಳ ಸದ್ದಿನಲ್ಲಿ ಕೂತವರ ಕಿವಿ, ಗುರುತ್ವದ ಒತ್ತಡದಲ್ಲಿ ತಿರುಗಿ ತಿರುಗಿ ನೋಡಿದ ಯುದ್ಧವಿಮಾನ ಪೈಲಟ್‌ಗಳ ಕತ್ತು ಮತ್ತು ಬೆನ್ನು, ಇವು ಪರೀಕ್ಷೆಯ ಕೊಠಡಿಯಲ್ಲಿ ತಮ್ಮ ಚರಿತ್ರೆ ಹೇಳುತ್ತವೆ. ನನ್ನ ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ ಮೇಲಿನ ಆವರ್ತನಗಳ ಕಡೆಗೆ ರೇಖೆ ಇಳಿದಿತ್ತು, ಮಿತಿಯೊಳಗೇ ಇತ್ತು. ಅದು ಮೊದಲೇ ತಿಳಿದದ್ದರಿಂದ ಅಂದಿನಿಂದ ಒಳ್ಳೆಯ ಹೆಡ್‌ಸೆಟ್ ಬಳಸತೊಡಗಿದೆ, ಪ್ರತಿ ವರ್ಷದ ನಕ್ಷೆಯನ್ನೂ ಜೋಪಾನವಾಗಿ ಇಟ್ಟುಕೊಂಡು ಹಿಂದಿನದರ ಜೊತೆ ಹೋಲಿಸಿ ನೋಡುತ್ತೇನೆ. ಪರವಾನಗಿ ಕಳೆದುಕೊಂಡರೆ ಪರಿಹಾರ ನೀಡುವ ವಿಮೆಯನ್ನೂ ಕೆಲಸ ಸೇರಿದ ಕೂಡಲೇ ಮಾಡಿಸಿದೆ. ಸೇನೆಯಲ್ಲಿ ಹಾರಾಟಕ್ಕೆ ಅನರ್ಹನಾದವನಿಗೂ ಒಂದು ಮೇಜು ಸಿಗುತ್ತದೆ. ಇಲ್ಲಿ ಆ ಭರವಸೆಯಿಲ್ಲ.

ಇನ್ನು ಬಿಡುವ ಕಾಲದ ಪ್ರಶ್ನೆ. ಇಬ್ಬರು ಪೈಲಟ್‌ಗಳಿರುವ ಅಂತರರಾಷ್ಟ್ರೀಯ ವಾಣಿಜ್ಯ ಹಾರಾಟದಲ್ಲಿ ವಯಸ್ಸಿನ ಮಿತಿ 2006ರಲ್ಲಿ 60ರಿಂದ 65ಕ್ಕೆ ಏರಿತು. ನಲವತ್ತೈದಕ್ಕೆ ಬಿಟ್ಟವರಿಗೆ ಇಪ್ಪತ್ತು ವರ್ಷ ಸಿಗುತ್ತದೆ ಎಂಬುದು ನಿಜವಾದರೂ, ಅನೇಕ ಸಂಸ್ಥೆಗಳಲ್ಲಿ ಎಲ್ಲವನ್ನೂ ಆಳುವುದು ಸೇರಿದ ದಿನಾಂಕದಿಂದ ಬರುವ ಸೀನಿಯಾರಿಟಿ ಸಂಖ್ಯೆ. ಯಾವ ವಿಮಾನ, ಯಾವ ನೆಲೆ, ಯಾವ ತಿಂಗಳು ರಜೆ, ಕ್ಯಾಪ್ಟನ್ ಬಡ್ತಿಯ ಸರದಿ ಯಾವಾಗ, ಸಂಕಷ್ಟ ಬಂದಾಗ ಮೊದಲು ಯಾರನ್ನು ಮನೆಗೆ ಕಳಿಸುತ್ತಾರೆ, ಎಲ್ಲವೂ ಆ ಪಟ್ಟಿಯ ಪ್ರಕಾರವೇ ನಡೆಯುತ್ತದೆ. 2020ರಲ್ಲಿ ಪ್ರಯಾಣ ಸ್ಥಗಿತಗೊಂಡಾಗ ಪಟ್ಟಿಯ ಕೊನೆಯಲ್ಲಿದ್ದವರ ಪಾಡು ಏನಾಯಿತೆಂದು ಜಗತ್ತೇ ನೋಡಿದೆ. ಹಾಗೆಂದು ನಿವೃತ್ತಿ ವೇತನಕ್ಕೆ ಬೇಕಾದ ಸೇವಾವಧಿಗೆ ಇನ್ನು ಸ್ವಲ್ಪವೇ ಬಾಕಿಯಿರುವಾಗ ಸೀನಿಯಾರಿಟಿಯ ಆಸೆಗೆ ಬಿಟ್ಟು ಬರುವುದನ್ನು ನಾನು ಒಪ್ಪುವುದಿಲ್ಲ. ಆ ವೇತನವೇ ಮುಂದೆ ಕೆಟ್ಟ ವರ್ಷಗಳಲ್ಲಿ ಮನೆಯನ್ನು ನಡೆಸುತ್ತದೆ. ನಾನು ಆ ಅವಧಿಯನ್ನು ಪೂರೈಸಿದೆ, ಅದಾದ ಮೇಲೆ ಒಂದು ದಿನವೂ ತಡಮಾಡಲಿಲ್ಲ. ಟೈಪ್ ರೇಟಿಂಗ್‌ಗಾಗಿ, ಅಂದರೆ ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆಗಾಗಿ, ಸಹಿ ಹಾಕುವ ಬಾಂಡ್‌ನ ವಿಷಯದಲ್ಲಿ ಒಂದೇ ಮಾತು: ಅರ್ಧದಲ್ಲಿ ಬಿಟ್ಟರೆ ಕಟ್ಟಬೇಕಾದ ಹಣ ಕಾಲ ಕಳೆದಂತೆ ಕರಗುತ್ತದೆಯೇ ಇಲ್ಲವೇ ಎಂಬುದನ್ನು ಓದಿ ನೋಡಿ ಸಹಿ ಹಾಕಿ.

ನಾನು ಹೆಚ್ಚು ಯೋಚಿಸಿದ್ದು ಬಲಗಡೆಯ ಸೀಟಿನ ಬಗ್ಗೆ. ಕಮಾಂಡರ್ ಆಗಿ ವರ್ಷಗಟ್ಟಲೆ ನಿರ್ಧಾರ ಮಾಡುತ್ತಿದ್ದವನು ತನಗಿಂತ ಹತ್ತು ವರ್ಷ ಕಿರಿಯ ಕ್ಯಾಪ್ಟನ್ ಪಕ್ಕದಲ್ಲಿ ಸಹ ಪೈಲಟ್ ಆಗಿ ಕೂರುವುದು ಅವಮಾನವೆಂದು ಕೆಲವರು ಭಾವಿಸುತ್ತಾರೆ. ನನಗೆ ಹಾಗನಿಸಲಿಲ್ಲ, ಏಕೆಂದರೆ ಆ ಸೀಟಿನ ಕೆಲಸ ಎಷ್ಟು ದೊಡ್ಡದೆಂಬುದನ್ನು ನಾಗರಿಕ ವಿಮಾನಯಾನ ಬಹಳ ಬೆಲೆ ತೆತ್ತು ಕಲಿತಿದೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಮಂಜು ಮುಸುಕಿದ ಓಡುದಾರಿಯಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಮೇಲೇರಲು ಹೊರಟಿದ್ದ ವಿಮಾನದ ಫ್ಲೈಟ್ ಎಂಜಿನಿಯರ್ ಎದುರಿನ ವಿಮಾನ ಇನ್ನೂ ಓಡುದಾರಿ ಬಿಟ್ಟಿಲ್ಲವೇನೋ ಎಂದು ಸಂಶಯಪಟ್ಟು ಕೇಳಿದ್ದರು, ಅವರ ಹಿರಿಯ ಕ್ಯಾಪ್ಟನ್ ವೇಗ ಹೆಚ್ಚಿಸುತ್ತಲೇ ಇದ್ದರು. 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದಿಂದ ಬೆಳೆದುಬಂದ ಸಿಆರ್‌ಎಂ (ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್) ಎಂಬ ತರಬೇತಿಯು, ಕೆಳದರ್ಜೆಯವನು ಸಂಶಯವನ್ನು ಬಾಯಿಬಿಟ್ಟು ಹೇಳುವುದನ್ನೂ ಮೇಲ್ದರ್ಜೆಯವನು ಅದಕ್ಕೆ ಕಿವಿ ಕೊಡುವುದನ್ನೂ ಇಡೀ ಉದ್ಯಮಕ್ಕೆ ಕಲಿಸಿತು.

ಸಹ ಪೈಲಟ್ ಆಗಿದ್ದ ಮೊದಲ ದಿನಗಳಲ್ಲಿ ಒಂದು ಸಂಜೆ ಕ್ಯಾಪ್ಟನ್ ವಿಮಾನವನ್ನು ಇಳಿಸುತ್ತಿದ್ದರು, ಗಮನಿಸುವ ಕೆಲಸ ನನ್ನದಾಗಿತ್ತು. ಬೆನ್ನ ಹಿಂದಿನಿಂದ ಬೀಸುತ್ತಿದ್ದ ಗಾಳಿಯಿಂದಾಗಿ ವೇಗ ಕರಗುತ್ತಿರಲಿಲ್ಲ. ಸಾವಿರ ಅಡಿಯ ಎತ್ತರದಲ್ಲಿ ವೇಗ, ಇಳಿಯುವ ದರ, ರೆಕ್ಕೆಯ ಫ್ಲಾಪ್, ಚೆಕ್‌ಲಿಸ್ಟ್ ಎಲ್ಲವೂ ಸರಿಯಿರಬೇಕೆಂಬುದು ನಮ್ಮ ಸಂಸ್ಥೆಯ ನಿಯಮ. ನಾನು ‘ಅನ್‌ಸ್ಟೇಬಲ್, ಗೋ ಅರೌಂಡ್’ ಎಂದೆ, ಅಂದರೆ ಸ್ಥಿರವಾಗಿಲ್ಲ, ಇಳಿಯದೆ ಮತ್ತೆ ಮೇಲೇರಿ. ನನ್ನ ಮಾತು ಮುಗಿಯುವ ಹೊತ್ತಿಗೆ ಥ್ರಸ್ಟ್ ಲಿವರ್‌ಗಳು ಮುಂದಕ್ಕೆ ಹೋಗಿದ್ದವು, ಮೂಗು ಮೇಲೆದ್ದಿತ್ತು, ‘ಫ್ಲಾಪ್ಸ್’ ಎಂಬ ಅವರ ಆದೇಶಕ್ಕೆ ನನ್ನ ಕೈ ಆಗಲೇ ಹಿಡಿಕೆಯ ಮೇಲಿತ್ತು. ಸುತ್ತು ಹಾಕಿ ಬಂದು ಇಳಿದೆವು. ಏಕೆ ಹಾಗೆಂದೆ ಎಂದು ಕ್ಯಾಪ್ಟನ್ ಕೇಳಲಿಲ್ಲ, ಸಂಸ್ಥೆಯೂ ಕೇಳಲಿಲ್ಲ. ವರದಿಯಲ್ಲಿ ನಡೆದುದನ್ನು ಎರಡು ವಾಕ್ಯದಲ್ಲಿ ಬರೆದು ಇಬ್ಬರೂ ಮನೆಗೆ ಹೋದೆವು. ಬಲಗಡೆ ಕೂತವನ ಒಂದು ಮಾತಿಗೆ ಇಷ್ಟು ತೂಕವಿರುವ ವ್ಯವಸ್ಥೆಯಲ್ಲಿ ಕೆಲಸ ಮಾಡುವುದು ನನಗೆ ಹೆಮ್ಮೆಯ ಸಂಗತಿ.

ಸೇನೆಯಿಂದ ಬಂದವರು ಮನಸ್ಸಿನಲ್ಲಿ ಬದಲಿಸಿಕೊಳ್ಳಬೇಕಾದದ್ದು ಇದಕ್ಕೆ ಸಂಬಂಧಿಸಿದ್ದೇ. ಪ್ರವಾಹದಲ್ಲಿ ಸಿಕ್ಕಿಬಿದ್ದವರಿಗೆ ಆಹಾರ ಇಳಿಸುವಾಗ, ಗಾಯಾಳುಗಳನ್ನು ಹೊತ್ತು ತರುವಾಗ, ಕೆಲಸ ಮುಗಿಸಿಯೇ ಮರಳಬೇಕೆಂಬ ಹಟಕ್ಕೆ ಅರ್ಥವಿದೆ, ಅದಕ್ಕಾಗಿ ಅಪಾಯವನ್ನು ಅಳೆದು ಒಪ್ಪಿಕೊಳ್ಳುವ ಅಧಿಕಾರವೂ ಮೇಲಿನಿಂದ ಬಂದಿರುತ್ತದೆ. ಪ್ರಯಾಣಿಕ ವಿಮಾನದಲ್ಲಿ ಆ ಹಟಕ್ಕೆ ಜಾಗವಿಲ್ಲ. ಬೇರೆ ನಿಲ್ದಾಣಕ್ಕೆ ತಿರುಗಿಸುವುದು, ಹೆಚ್ಚು ಇಂಧನ ಕೇಳುವುದು, ಹೊರಡುವುದಿಲ್ಲ ಎನ್ನುವುದು ಇಲ್ಲಿ ಸಾಮರ್ಥ್ಯದ ಭಾಗ. 27,000 ಕಿಲೋಗ್ರಾಂಗಿಂತ ಹೆಚ್ಚು ತೂಕದ ವಿಮಾನಗಳನ್ನು ಹಾರಿಸುವ ಸಂಸ್ಥೆಗಳು ಹಾರಾಟಗಳ ದತ್ತಾಂಶವನ್ನು ವಿಶ್ಲೇಷಿಸುವ ವ್ಯವಸ್ಥೆ ಇಟ್ಟಿರಬೇಕೆಂದು ಐಕಾವೊ ಹೇಳುತ್ತದೆ. ಅದನ್ನು ಬೇಹುಗಾರಿಕೆಯೆಂದು ತಿಳಿಯುವ ಹೊಸಬರಿದ್ದಾರೆ. ನಾನು ಮಾತ್ರ ನನ್ನ ಇಳಿಯುವಿಕೆಗಳ ದತ್ತಾಂಶವನ್ನು ಕೇಳಿ ಪಡೆದು ನೋಡುತ್ತಿದ್ದೆ.

ನಿದ್ದೆಯ ವಿಷಯವನ್ನು ಯಾರೂ ಮುಂಚಿತವಾಗಿ ಸರಿಯಾಗಿ ಹೇಳುವುದಿಲ್ಲ. ಸೇನೆಯಲ್ಲಿ ಕಠಿಣ ದಿನಗಳು ಬರುತ್ತವೆ, ಹೋಗುತ್ತವೆ. ವಿಮಾನ ಸಂಸ್ಥೆಯ ರೋಸ್ಟರ್, ಅಂದರೆ ಪಾಳಿಗಳ ಪಟ್ಟಿ, ನಿಲ್ಲುವುದೇ ಇಲ್ಲ. ಬೆಳಗಿನ ಜಾವ ಸುಮಾರು ಎರಡರಿಂದ ಆರರ ನಡುವೆ ಶರೀರದ ಎಚ್ಚರ ಅತ್ಯಂತ ಕೆಳಗಿರುತ್ತದೆ, ಆ ಹೊತ್ತಿನಲ್ಲಿ ಇಳಿಯಬೇಕಾದ ಹಾರಾಟಗಳು ಪದೇ ಪದೇ ಬರುತ್ತವೆ. ಸತತ ಮುಂಜಾನೆಯ ಪಾಳಿಗಳ ನಂತರ ರಾತ್ರಿ ಪಾಳಿ ಬಂದರೆ, ನಿಯಮದ ಪ್ರಕಾರ ವಿಶ್ರಾಂತಿ ಸಿಕ್ಕಿದ್ದರೂ ನಿದ್ದೆ ಬಂದಿರುವುದಿಲ್ಲ. ಮಧ್ಯಾಹ್ನ ಕತ್ತಲೆಯ ಕೋಣೆಯಲ್ಲಿ ಮಲಗುವುದನ್ನು ನಾನು ಕೆಲಸದ ಭಾಗವೆಂದೇ ಎಣಿಸಿ ಅಭ್ಯಾಸ ಮಾಡಿಕೊಂಡೆ, ಮನೆಯವರೂ ಅದಕ್ಕೆ ಒಗ್ಗಿದರು. ಆದರೂ ಹಾರಲಾರದಷ್ಟು ದಣಿದಾಗ ‘ದಣಿದಿದ್ದೇನೆ, ಹಾರಲಾರೆ’ ಎಂದು ಬರೆದುಕೊಟ್ಟಿದ್ದೇನೆ. ಮನಸ್ಸಿನ ದಣಿವಿಗೂ ಈಗ ಅನೇಕ ಸಂಸ್ಥೆಗಳಲ್ಲಿ ಸಹೋದ್ಯೋಗಿ ನೆರವಿನ ವ್ಯವಸ್ಥೆ ಇದೆ. ಸಹ ಪೈಲಟ್ ಒಬ್ಬ ಬೇಕೆಂದೇ ವಿಮಾನವನ್ನು ಬೆಟ್ಟಕ್ಕೆ ಅಪ್ಪಳಿಸಿದ 2015ರ ಜರ್ಮನ್‌ವಿಂಗ್ಸ್ ದುರಂತದ ನಂತರ ಯುರೋಪಿನಲ್ಲಿ ಅದನ್ನು ಕಡ್ಡಾಯ ಮಾಡಿದರು. ಸೇನೆಯಿಂದ ಬಂದ ನಮ್ಮವರು ಅದರ ಬಾಗಿಲು ತಟ್ಟಲು ಹಿಂಜರಿಯುವುದನ್ನು ಕಂಡು ನನಗೆ ನೋವಾಗುತ್ತದೆ. ಅಲ್ಲಿ ಮಾತಾಡಿದ್ದು ಗೋಪ್ಯವಾಗಿರುತ್ತದೆ, ಕೇಳುವವರೂ ಪೈಲಟ್‌ಗಳೇ.

ಕ್ಯಾಪ್ಟನ್ ಬಡ್ತಿಯ ಸರದಿ ಬಂದಾಗ ಕುಟುಂಬದಿಂದ ದೂರದ ನೆಲೆಯಲ್ಲಿ ಜಾಗವಿತ್ತು. ಮಕ್ಕಳ ಶಾಲೆ ಮುಗಿಯುವ ಹಂತದಲ್ಲಿತ್ತು. ಹೆಂಡತಿಯೊಡನೆ ಕೂತು ಮಾತಾಡಿ ಆ ಸರದಿಯನ್ನು ಬಿಟ್ಟೆ, ಇನ್ನಷ್ಟು ಕಾಲ ಬಲಗಡೆಯೇ ಹಾರಿದೆ. ಆ ಅವಧಿಯಲ್ಲಿ ಪ್ರತಿ ಹಾರಾಟಕ್ಕೂ ಮುನ್ನ, ಈ ಹವಾಮಾನಕ್ಕೆ, ಈ ದೋಷಪಟ್ಟಿಗೆ ನಾನಾಗಿದ್ದರೆ ಎಷ್ಟು ಇಂಧನ ಹಾಕಿಸುತ್ತಿದ್ದೆ, ಯಾವ ಪರ್ಯಾಯ ನಿಲ್ದಾಣ ಆರಿಸುತ್ತಿದ್ದೆ ಎಂದು ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಕ್ಯಾಪ್ಟನ್ ತೀರ್ಮಾನದೊಂದಿಗೆ ಹೋಲಿಸುತ್ತಿದ್ದೆ. ಅವರ ಉತ್ತರ ಬೇರೆಯಾದಾಗ ಕಾರಣ ಕೇಳುತ್ತಿದ್ದೆ, ಬಹುತೇಕ ಎಲ್ಲರೂ ಸಂತೋಷದಿಂದ ವಿವರಿಸಿದರು. ಮುಂದಿನ ಸರದಿಯಲ್ಲಿ ಮನೆಗೆ ಹತ್ತಿರದ ನೆಲೆಯೇ ಸಿಕ್ಕಿತು, ಕಮಾಂಡ್ ಪರೀಕ್ಷೆಯ ಸಿಮ್ಯುಲೇಟರ್‌ನಲ್ಲಿ ಆ ಚೀಟಿಗಳಲ್ಲಿದ್ದ ಪ್ರಶ್ನೆಗಳೇ ಹೆಚ್ಚಾಗಿ ಎದುರಾದವು.