ಮಕ್ಕಳ ನಂಬಿಕೆಗಾಗಿ ತಾಯಂದಿರ ಪ್ರಾರ್ಥನಾ ಕೂಟ: ನಾವು ನಡೆಸುವ ರೀತಿ

ತಾಯಂದಿರ ಪ್ರಾರ್ಥನಾ ಕೂಟ ಕೆಡುವುದು ಪ್ರಾರ್ಥಿಸಲು ಬಾರದೆ ಅಲ್ಲ, ಮಾತು ಜಾಸ್ತಿಯಾಗಿ. ಮಗನ ಸಹವಾಸ ಸರಿಯಿಲ್ಲ, ಮಗಳು ಭಾನುವಾರದ ಆರಾಧನೆಗೆ ಒಲ್ಲೆ ಅನ್ನುತ್ತಾಳೆ ಎಂದು ಹೇಳಿಕೊಳ್ಳುವುದರಲ್ಲೇ 45 ನಿಮಿಷ ಕಳೆಯುತ್ತದೆ. ಕೊನೆಗೆ ಚೆನ್ನಾಗಿ ಪ್ರಾರ್ಥಿಸುವ ಒಬ್ಬರು ಎಲ್ಲರ ಪರವಾಗಿ ಒಂದು ದೊಡ್ಡ ಪ್ರಾರ್ಥನೆ ಮಾಡಿ ಮುಗಿಸುತ್ತಾರೆ. ಇದನ್ನು ತಪ್ಪಿಸಲು ನಾವು ಇಟ್ಟುಕೊಂಡಿರುವ ನಿಯಮ ಒಂದೇ: ವಿಷಯವನ್ನು ಮೊದಲು ಮನುಷ್ಯರಿಗೆ ವಿವರಿಸಿ ಆಮೇಲೆ ದೇವರಿಗೆ ಹೇಳುವುದಿಲ್ಲ. ನೇರ ದೇವರಿಗೇ ಹೇಳುತ್ತೇವೆ. ಪಕ್ಕದಲ್ಲಿ ಕುಳಿತವರಿಗೆ ವಿಷಯ ಗೊತ್ತಾಗುವುದು ಆ ಪ್ರಾರ್ಥನೆಯಿಂದಲೇ. ಅಷ್ಟು ಸಾಕು ಕೂಡ.

ಇಬ್ಬರಿದ್ದರೆ ಶುರುಮಾಡಬಹುದು, ಬೈಬಲಿನ ಮತ್ತಾಯ 18:19 ಕೇಳುವುದೂ ಇಬ್ಬರನ್ನೇ. ಐದರ ಮೇಲೆ ಹೋದರೆ ಎರಡು ಗುಂಪು ಮಾಡುತ್ತೇವೆ. ಇದು ಬರೀ ಲೆಕ್ಕದ ಮಾತು. ಒಂದು ಗಂಟೆಯಲ್ಲಿ ಮಕ್ಕಳಿಗಾಗಿ ಬೇಡುವುದಕ್ಕೆ ಉಳಿಯುವುದು ಸುಮಾರು 35 ನಿಮಿಷ. ಐದು ಜನರಿಗೆ ಹಂಚಿದರೆ ತಲಾ 7 ನಿಮಿಷ. ಹತ್ತು ಜನರಾದರೆ ಮೂರೂವರೆ ನಿಮಿಷವೂ ಸರಿಯಾಗಿ ಸಿಗುವುದಿಲ್ಲ, ಮೆದು ಸ್ವಭಾವದವರು ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾರೆ. ಮೂವರು ಮಕ್ಕಳಿರುವ ತಾಯಿ ಆ 7 ನಿಮಿಷದಲ್ಲಿ ಮೂವರನ್ನೂ ತುರುಕಬಾರದು. ಈ ವಾರ ಒಂದು ಮಗು, ಮುಂದಿನ ವಾರ ಇನ್ನೊಂದು.

ನಾವು ಬಳಸುವ ನಾಲ್ಕು ಹೆಜ್ಜೆಗಳು ನಮ್ಮ ಕಲ್ಪನೆಯಲ್ಲ. 1984ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಫರ್ನ್ ನಿಕೋಲ್ಸ್ ಎಂಬ ತಾಯಿ ಶುರುಮಾಡಿದ ಕೂಟವೇ ಈಗ ಮಾಮ್ಸ್ ಇನ್ ಪ್ರೇಯರ್ ಎಂಬ ಹೆಸರಿನಲ್ಲಿ ಹಲವಾರು ದೇಶಗಳಿಗೆ ಹರಡಿದೆ. ಸ್ತುತಿ, ಪಾಪದ ಅರಿಕೆ, ಕೃತಜ್ಞತೆ, ವಿಜ್ಞಾಪನೆ ಎಂಬ ಕ್ರಮ ಅವರದು. ನಾವು ಸಮಯ ಹೀಗೆ ಹಂಚಿಕೊಂಡಿದ್ದೇವೆ: ವಾಕ್ಯ ಓದುವುದಕ್ಕೆ 2 ನಿಮಿಷ, ಸ್ತುತಿಗೆ 8, ಅರಿಕೆಗೆ 3, ಕೃತಜ್ಞತೆಗೆ 7, ವಿಜ್ಞಾಪನೆಗೆ 35, ಮುಂದಿನ ವಾರದ ಏರ್ಪಾಡಿಗೆ 5. ನಡೆಸಿಕೊಡುವವರ ಎದುರು ಗಡಿಯಾರ ಇರಬೇಕು. ಫೋನಿನಲ್ಲಿ ಸಮಯ ನೋಡಲು ಹೋದರೆ ಬಂದ ಮೆಸೇಜುಗಳೂ ಕಣ್ಣಿಗೆ ಬೀಳುತ್ತವೆ. ಹೇಳಿದ ಹೊತ್ತಿಗೆ ಒಬ್ಬರೇ ಬಂದಿದ್ದರೂ ಓದು ಆರಂಭವಾಗುತ್ತದೆ. ತಡವಾಗಿ ಬಂದವರು ಸದ್ದಿಲ್ಲದೆ ಕುಳಿತು ಸೇರಿಕೊಳ್ಳುತ್ತಾರೆ. ಅವರಿಗಾಗಿ ಮತ್ತೆ ಮೊದಲಿನಿಂದ ಹೇಳುವುದಿಲ್ಲ.

ಸ್ತುತಿಯ ಹೊತ್ತಿನಲ್ಲಿ ಏನನ್ನೂ ಕೇಳಬಾರದು. ಸುಲಭ ಅನ್ನಿಸುತ್ತದೆ, ಆದರೆ ತಾಯಂದಿರಿಗೆ ಇದೇ ಕಷ್ಟ. ದೇವರ ಒಂದೇ ಗುಣವನ್ನು ಮೊದಲೇ ಆರಿಸಿಕೊಳ್ಳುತ್ತೇವೆ. ಕುರುಬನು ಎಂದಾದರೆ ಯೆಹೆಜ್ಕೇಲ 34:11-16, ಲೂಕ 15:3-7, ಯೋಹಾನ 10:11-15. ಎರಡನೇ ವಾಕ್ಯಕ್ಕೇ ಯಾರಾದರೊಬ್ಬರು "ನೀನು ಒಳ್ಳೆಯ ಕುರುಬನು, ಆದ್ದರಿಂದ ನನ್ನ ಮಗನನ್ನು ಕರೆದುಕೊಂಡು ಬಾ" ಎಂದು ಬೇಡಿಕೆಗೆ ಜಾರುತ್ತಾರೆ. ಪ್ರಾರ್ಥನೆಯ ನಡುವೆ ತಿದ್ದಬೇಡಿ. ಅದರ ನಂತರ ಪ್ರಾರ್ಥಿಸುವವರು ಮತ್ತೆ ಸ್ತುತಿಗೇ ಮರಳಿದರೆ ಉಳಿದವರು ತಾವಾಗಿ ಹಿಂಬಾಲಿಸುತ್ತಾರೆ. ಈ 8 ನಿಮಿಷ ಬಿಟ್ಟು ನೇರ ವಿಜ್ಞಾಪನೆಗೆ ಇಳಿದರೆ, ಬಂದ ಹೆದರಿಕೆಯನ್ನೇ ಜೋರಾಗಿ ಹೇಳಿಕೊಂಡು ಹಾಗೇ ಎದ್ದುಹೋದಂತಾಗುತ್ತದೆ.

ಪಾಪದ ಅರಿಕೆ ಮೌನವಾಗಿ. ಗಟ್ಟಿಯಾಗಿ ಮಾಡಿದರೆ ಗಂಡನ ಪಾಪ, ಅತ್ತೆಯ ಪಾಪ, ಮಗನ ಪಾಪ ಎಲ್ಲವೂ ಹೊರಗೆ ಬರುತ್ತವೆ, ನಮ್ಮದೊಂದು ಬಿಟ್ಟು. ಕೂಗಾಡಿದ್ದು, ಇನ್ನೊಬ್ಬರ ಮಕ್ಕಳ ಜೊತೆ ಹೋಲಿಸಿದ್ದು, ಮನೆಯಲ್ಲಿ ಸಭಾಪಾಲಕರನ್ನು ಆಡಿಕೊಂಡು ಮಗುವಿಗೆ ಮಾತ್ರ ಸಭೆಗೆ ಹೋಗು ಅಂದದ್ದು, ಇಂಥವನ್ನು ಮನಸ್ಸಿಗೆ ತಂದುಕೊಳ್ಳಲು ಮೂರು ನಿಮಿಷ ಸಾಕಾಗುತ್ತದೆ. 1 ಯೋಹಾನ 1:9 ಓದಿ ಮುಗಿಸಬೇಕು. ಹಾಗೆ ಓದದಿದ್ದರೆ ಮೌನ ಎಲ್ಲಿ ಮುಗಿಯಿತೆಂದು ಯಾರಿಗೂ ತಿಳಿಯುವುದಿಲ್ಲ. ಕಥೋಲಿಕ ತಾಯಂದಿರು ಇದ್ದರೆ, ಇದು ಗುರುಗಳ ಬಳಿ ಮಾಡುವ ಪಾಪನಿವೇದನೆಗೆ ಬದಲಿಯಲ್ಲ ಎಂದು ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು.

ಕೃತಜ್ಞತೆಗೆ ಪುಸ್ತಕ ತೆರೆಯುತ್ತೇವೆ. ಪ್ರತಿ ತಾಯಿಗೂ ತನ್ನದೇ ನೋಟ್‌ಬುಕ್: ತಾರೀಖು, ಮಗುವಿನ ಹೆಸರು, ವಚನ, ಒಂದೇ ಸಾಲಿನ ಕೋರಿಕೆ, ಕೊನೆಯಲ್ಲಿ ಉತ್ತರಕ್ಕೆ ಖಾಲಿ ಅಂಕಣ. ಕೋರಿಕೆ ಒಂದು ಸಾಲು ಮೀರಿದರೆ ಅದರೊಳಗೆ ಎರಡು ಕೋರಿಕೆಗಳಿವೆ ಎಂದರ್ಥ. "ಒಳ್ಳೆಯವನಾಗಲಿ" ಎಂದು ಬರೆದರೆ ಉತ್ತರ ಬಂದಿತೋ ಇಲ್ಲವೋ ಹೇಗೆ ಗೊತ್ತಾಗಬೇಕು? "ಈ ವಾರ ಸುಳ್ಳು ಹೇಳಿ ತಪ್ಪಿಸಿಕೊಳ್ಳುವ ಹೊತ್ತು ಬಂದರೆ ನಿಜ ಹೇಳುವ ಧೈರ್ಯ ಸಿಗಲಿ" ಎಂದು ಬರೆದರೆ ಮುಂದಿನ ವಾರ ನೋಡಲು ಏನಾದರೂ ಇರುತ್ತದೆ.

ಇನ್ನು ವಿಜ್ಞಾಪನೆ. ಇಲ್ಲಿ ಸರದಿ ಪ್ರಕಾರ ಉದ್ದುದ್ದ ಪ್ರಾರ್ಥನೆ ಮಾಡುವುದಿಲ್ಲ. ಒಂದು ಮಗುವನ್ನು ಹಿಡಿದು ಎಲ್ಲರೂ ಅದೇ ಮಗುವಿಗಾಗಿ ಒಂದೊಂದು, ಎರಡೆರಡು ವಾಕ್ಯ ಪ್ರಾರ್ಥಿಸುತ್ತಾರೆ. ಮೊದಲು ತಾಯಿ ಬಾಯ್ತೆರೆಯುತ್ತಾರೆ. ಮಗುವಿನ ಹೆಸರು ರೂಬೆನ್ ಅಂದುಕೊಳ್ಳಿ, ವಚನ ಕೊಲೊಸ್ಸೆ 1:9-10. ತಾಯಿ: "ತಂದೆಯೇ, ರೂಬೆನ್ ನಿನ್ನ ಚಿತ್ತವೇನೆಂದು ತಿಳಿದುಕೊಳ್ಳಲಿ, ಅದಕ್ಕೆ ಬೇಕಾದ ಬುದ್ಧಿಯನ್ನು ನೀನೇ ಕೊಡು." ಇನ್ನೊಬ್ಬರು: "ಹೌದು ಕರ್ತನೇ, ಸ್ನೇಹಿತರ ನಡುವೆ ಒಂದನ್ನು ಆರಿಸಬೇಕಾದಾಗ ಆ ಬುದ್ಧಿ ಅವನ ಜೊತೆಗಿರಲಿ." ಮೂರನೆಯವರು: "ನಿನಗೆ ಮೆಚ್ಚುಗೆಯಾಗುವಂತೆ ನಡೆಯುವುದು ಅವನಿಗೆ ಹೊರೆ ಅನ್ನಿಸದಿರಲಿ." ಒಬ್ಬರೇ ಎರಡು ಮೂರು ಸಲ ಪ್ರಾರ್ಥಿಸಬಹುದು, ಒಂದೂ ಮಾತಾಡದೆ ಆಮೆನ್ ಅನ್ನಬಹುದು. ನಡುವೆ ಹತ್ತು ಸೆಕೆಂಡು ಮೌನ ಬಂದರೆ ಗಾಬರಿಯಾಗಿ ತುಂಬಿಸಬೇಡಿ. ಎರಡನೇ ಸಲ ಅಂಥ ಮೌನ ಬಂದಾಗ ನಡೆಸಿಕೊಡುವವರು ಮುಂದಿನ ಮಗುವಿನ ಹೆಸರು ಹೇಳುತ್ತಾರೆ. ಒಂದು ಮಗುವಿನದು ಮುಗಿಯುವ ಮೊದಲೇ ಯಾರಾದರೂ ತಮ್ಮ ಮಗುವಿಗೆ ಹಾರಿದರೆ ಎಳೆ ಹರಿಯಿತು. ಹೊಸಬರಿಗೆ ಮೊದಲೇ ಹೇಳಿಡಬೇಕಾದ್ದು ಇದು.

ವಚನ ಯಾಕೆ ಕಡ್ಡಾಯ? ವಚನ ಇಲ್ಲದ ದಿನ ನಮ್ಮ ವಿಜ್ಞಾಪನೆ ಅರ್ಧ ಗಂಟೆಯೊಳಗೆ ಪರೀಕ್ಷೆ, ಉದ್ಯೋಗ, ಮದುವೆಗೆ ಬಂದು ನಿಲ್ಲುತ್ತದೆ. ಅವನ್ನು ಕೇಳಬಾರದೆಂದಲ್ಲ. ಆದರೆ ಪೌಲನು ತನ್ನ ಆತ್ಮಿಕ ಮಕ್ಕಳಿಗಾಗಿ ಮಾಡಿದ ಪ್ರಾರ್ಥನೆಗಳನ್ನು ಓದಿ ನೋಡಿ: ಎಫೆಸ 1:17-19, ಎಫೆಸ 3:16-19, ಫಿಲಿಪ್ಪಿ 1:9-11. ತಿಳುವಳಿಕೆ, ಒಳಗಿನ ಬಲ, ಪ್ರೀತಿ, ವಿವೇಚನೆ ಇವೇ ಅಲ್ಲಿರುವುದು. ಚಿಕ್ಕ ಮಕ್ಕಳಿಗೆ ನಾವು ಕೀರ್ತನೆ 78:4-7 ಬಳಸುತ್ತೇವೆ. ಹದಿಹರೆಯದವರಿಗೆ ಫಿಲಿಪ್ಪಿಯದ್ದು, ಯಾಕೆಂದರೆ ಆ ವಯಸ್ಸಿಗೆ ಬೇಕಾದ್ದು ಆರಿಸುವ ವಿವೇಕ. ಅಮ್ಮನ ನಂಬಿಕೆ ತಮ್ಮದಲ್ಲ ಎಂದು ಹೊರಟ ದೊಡ್ಡ ಮಕ್ಕಳಿಗೆ ಯೆಹೆಜ್ಕೇಲ 36:26, ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುವ ಮಾತು. ಅವರಿಗಾಗಿ ಇನ್ನೊಂದನ್ನೂ ಬೇಡುತ್ತೇವೆ: ನಮ್ಮ ಮನೆಯವರಲ್ಲದ, ಅವರು ಗೌರವಿಸುವ ಒಬ್ಬ ವಿಶ್ವಾಸಿ ಅವರ ದಾರಿಯಲ್ಲಿ ಸಿಗಲಿ ಎಂದು. ಮನೆಯವರ ಮಾತಿಗೆ ಕಿವಿ ಮುಚ್ಚಿಕೊಂಡ ಮಕ್ಕಳು ಹೊರಗಿನವರ ಮಾತನ್ನು ಕೇಳುವುದುಂಟು.

ಮುಂದೆ ಸಭೆಯ ದೊಡ್ಡ ಬೋಧಕನೆನಿಸಿದ ಅಗಸ್ಟೀನನ ತಾಯಿ ಮೋನಿಕಾಳ ಹೆಸರು ಇಂಥ ಕೂಟಗಳಲ್ಲಿ ಬಂದೇ ಬರುತ್ತದೆ, ಆದರೆ ಸಾಮಾನ್ಯವಾಗಿ ಕಣ್ಣೀರಿನ ಮಾತಿಗೇ ನಿಲ್ಲುತ್ತದೆ. ನಮಗೆ ಹೆಚ್ಚು ಕೆಲಸಕ್ಕೆ ಬರುವುದು ಕ್ರಿ.ಶ. 383ರ ಸಂಗತಿ. ಮಗ ಕಾರ್ಥೇಜ್ ಬಿಟ್ಟು ರೋಮ್‌ಗೆ ಹೋಗಬಾರದೆಂದು ಆಕೆ ರಾತ್ರಿಯೆಲ್ಲ ಪ್ರಾರ್ಥಿಸಿದಳು; ಅದೇ ರಾತ್ರಿ ಅವನು ಆಕೆಗೆ ಸುಳ್ಳು ಹೇಳಿ ಹಡಗು ಹತ್ತಿದ. ಆ ಪಯಣವೇ ಅವನನ್ನು ಮಿಲಾನ್‌ಗೆ, ಬಿಷಪ್ ಆಂಬ್ರೋಸರ ಬಳಿಗೆ ಕೊಂಡೊಯ್ದಿತು. 387ರ ಈಸ್ಟರ್‌ನಲ್ಲಿ ದೀಕ್ಷಾಸ್ನಾನವಾಯಿತು. ತಾಯಿ ಸದಾ ಬೇಡುತ್ತಿದ್ದುದನ್ನು ಮಾಡುವುದಕ್ಕಾಗಿಯೇ ದೇವರು ಆ ಹೊತ್ತು ಬೇಡಿದ್ದನ್ನು ಕೊಡಲಿಲ್ಲ ಎಂದು ಮುಂದೆ ಅಗಸ್ಟೀನನೇ ಬರೆದ. ನೋಟ್‌ಬುಕ್ಕಿನಲ್ಲಿ ಇದರಿಂದ ಒಂದು ಪದ್ಧತಿ ಬಂದಿದೆ: ಮೊದಲ ಪುಟದಲ್ಲಿ ಮಗುವಿಗಾಗಿ ಸದಾ ಬೇಡುವುದು, ಒಳಪುಟಗಳಲ್ಲಿ ಆ ವಾರದ್ದು. ವಾರದ ಕೋರಿಕೆಗೆ ಇಲ್ಲ ಎಂಬ ಉತ್ತರ ಬಂದರೆ ಅದನ್ನೂ ಬರೆಯುತ್ತೇವೆ. ಮೊದಲ ಪುಟವನ್ನು ಹೊಡೆದುಹಾಕುವುದಿಲ್ಲ.

ಕೆಡುವ ಜಾಗಗಳು ಕೆಲವಿವೆ. ಎಲ್ಲಕ್ಕಿಂತ ದೊಡ್ಡದು ಗುಟ್ಟು ಉಳಿಯದಿರುವುದು. ಪ್ರಾರ್ಥನಾ ವಿಷಯದ ವೇಷದಲ್ಲಿ ಚಾಡಿ ಬಹಳ ಸಲೀಸಾಗಿ ಓಡಾಡುತ್ತದೆ. ಕೂಟದಲ್ಲಿ ಕೇಳಿದ್ದನ್ನು ಗಂಡನಿಗೂ ಹೇಳುವುದಿಲ್ಲ, ಸಭಾಪಾಲಕರಿಗೂ ಹೇಳುವುದಿಲ್ಲ, ಬೇರೆ ಪ್ರಾರ್ಥನಾ ಗುಂಪಿಗೂ ದಾಟಿಸುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಸಮಯ ಮತ್ತು ವಚನ ಮಾತ್ರ. ಮಗುವಿನ ಹೆಸರಿನ ಪಕ್ಕ ಅವನ ತೊಂದರೆ ಬರೆಯುವುದಿಲ್ಲ. ಸ್ಕ್ರೀನ್‌ಶಾಟ್ ಒಂದು ಸಾಕು, ಮಗುವಿಗೇ ತಲುಪುತ್ತದೆ, ಆಮೇಲೆ ಅಮ್ಮನ ಎದುರು ಆ ಮಗು ಬಾಯಿಬಿಡುವುದಿಲ್ಲ. ದೊಡ್ಡ ಮಕ್ಕಳಾದರೆ "ನಿನಗಾಗಿ ಏನು ಬೇಡಲಿ?" ಎಂದು ಅವರನ್ನೇ ಕೇಳುವುದು ಉತ್ತಮ. ಏನೂ ಬೇಡ ಅಂದರೆ ಸರಿ ಅಂದುಬಿಡಿ, ವಾದ ಬೇಡ.

ವಿವರ ಹೇಳಲು ಮನಸ್ಸಿಲ್ಲದ ತಾಯಂದಿರಿಗೆ, 1995ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಮದರ್ಸ್ ಪ್ರೇಯರ್ಸ್ ಗುಂಪುಗಳ ಪದ್ಧತಿ ಅನುಕೂಲ. ದುಂಡಗಿನ ಚೀಟಿಯಲ್ಲಿ ಮಕ್ಕಳ ಹೆಸರು ಬರೆದು ಶಿಲುಬೆಯ ಕೆಳಗಿಟ್ಟ ಬುಟ್ಟಿಯಲ್ಲಿ ಹಾಕುತ್ತಾರೆ. ಹೆಸರು ಸಾಕು, ಸಂಗತಿ ಬೇಕಿಲ್ಲ. ನಮ್ಮಲ್ಲಿ ಪ್ರೊಟೆಸ್ಟೆಂಟ್ ಸಹೋದರಿಯರು ಮೊದಲು ಹಿಂಜರಿದರು, ಬುಟ್ಟಿಗೇ ಏನೋ ಶಕ್ತಿಯಿದೆ ಎಂಬ ಭಾವನೆ ಬಂದೀತೆಂದು. ಹಾಗೆ ಅನ್ನಿಸುವವರಿರುವ ಗುಂಪಿನಲ್ಲಿ ಬುಟ್ಟಿ ಬಿಟ್ಟು ಹೆಸರನ್ನು ಗಟ್ಟಿಯಾಗಿ ಹೇಳಿದರಾಯಿತು. ಬೇರೆ ಬೇರೆ ಸಭೆಗಳವರು ಸೇರುವಾಗ ಮರಿಯಮ್ಮನವರ ಮಧ್ಯಸ್ಥಿಕೆ, ಅನ್ಯಭಾಷೆ (ಆತ್ಮಪ್ರೇರಣೆಯಿಂದ ಅರಿಯದ ಭಾಷೆಯಲ್ಲಿ ಪ್ರಾರ್ಥಿಸುವುದು), ಶಿಶು ದೀಕ್ಷಾಸ್ನಾನ ಈ ಮೂರನ್ನೂ ಆ ಒಂದು ಗಂಟೆಯ ಹೊರಗಿಡುತ್ತೇವೆ.

ಎರಡನೆಯದು ಸಲಹೆ. ಒಬ್ಬರು ಅತ್ತರೆ ಉಳಿದವರಿಗೆ ಉಪಾಯ ಹೇಳುವ ಆಸೆ ಬರುತ್ತದೆ. ಪ್ರಾರ್ಥನೆಯೊಳಗೇ ಬುದ್ಧಿವಾದ ನುಸುಳುವುದು ಇನ್ನೂ ಕೆಟ್ಟದ್ದು: "ಕರ್ತನೇ, ಈ ಸಹೋದರಿ ಮಗನಿಗೆ ಮೊಬೈಲ್ ಕೊಡುವುದನ್ನು ನಿಲ್ಲಿಸುವಂತೆ ಮಾಡು." ಅದು ದೇವರಿಗೆ ಹೇಳಿದ್ದಲ್ಲ. ಸಲಹೆ ಬೇಕಾದವರು ಗಂಟೆ ಮುಗಿದ ಮೇಲೆ ತಾವಾಗಿ ಕೇಳಲಿ.

ಮೂರನೆಯದು ಜ್ಞಾನೋಕ್ತಿ 22:6. ನಡೆಯಬೇಕಾದ ಮಾರ್ಗಕ್ಕೆ ಹುಡುಗನನ್ನು ಹಚ್ಚು, ಮುಪ್ಪಿನಲ್ಲಿಯೂ ಅದನ್ನು ಬಿಡನು ಎಂಬ ಆ ಮಾತನ್ನು ಮಗ ದಾರಿ ಬಿಟ್ಟ ತಾಯಿಯ ಎದುರು ಓದಿದರೆ, ನಿನ್ನಿಂದಲೇ ಹೀಗಾಯಿತು ಎಂದ ಹಾಗೆ. ಜ್ಞಾನೋಕ್ತಿಗಳು ಲೋಕದಲ್ಲಿ ಸಾಮಾನ್ಯವಾಗಿ ಹೇಗೆ ನಡೆಯುತ್ತದೆಂದು ಹೇಳುತ್ತವೆ, ಕರಾರುಪತ್ರ ಬರೆದುಕೊಡುವುದಿಲ್ಲ. ಯೆಹೆಜ್ಕೇಲ 18 ತಂದೆಯ ಲೆಕ್ಕ ಬೇರೆ, ಮಗನ ಲೆಕ್ಕ ಬೇರೆ ಎನ್ನುತ್ತದೆ. ಯೆಶಾಯ 54:13 ಕೂಡ ಹಾಗೆಯೇ: ಮಕ್ಕಳೆಲ್ಲ ಯೆಹೋವನಿಂದ ಕಲಿಯುವರೆಂಬ ಆ ಮಾತು ಪಾಳುಬಿದ್ದ ಚೀಯೋನಿಗೆ, ಅಂದರೆ ಯೆರೂಸಲೇಮಿಗೆ ಹೇಳಿದ್ದು. ಅದನ್ನು ಹಿಡಿದು ಬೇಡಬಹುದು, ಇಂಥ ತಾರೀಖಿಗೆ ಕೊಡು ಎಂದು ವಸೂಲಿಗೆ ನಿಲ್ಲಬಾರದು.

ಪ್ರಾರ್ಥನೆಯನ್ನು ಮಗುವಿನ ಮೇಲೆ ಬೀಸುವುದೂ ಉಂಟು. "ನಿನಗೋಸ್ಕರ ಉಪವಾಸ ಮಾಡುತ್ತಿದ್ದೇನೆ, ನೀನು ನೋಡಿದರೆ ಹೀಗೆ" ಎಂಬ ಒಂದು ಮಾತಿಗೆ ಮಗು ದೇವರನ್ನೂ ಅಮ್ಮನ ಕಡೆಯವನೆಂದು ತಿಳಿದುಬಿಡುತ್ತದೆ. ಉಪವಾಸ ಮಾಡುವವರು ಸುಮ್ಮನೆ ಮಾಡಲಿ. ಗರ್ಭಿಣಿಯರು, ಹಾಲೂಡಿಸುವವರು, ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ಊಟ ಬಿಡಬಾರದು. ಮಗುವಿನ ಜೊತೆ ಬೇಕಾದ್ದು ಮಾತು. ಮೆಥೊಡಿಸ್ಟ್ ಸಭೆಗೆ ನಾಂದಿ ಹಾಡಿದ ಜಾನ್ ಮತ್ತು ಚಾರ್ಲ್ಸ್ ವೆಸ್ಲಿಯರ ತಾಯಿ ಸುಸಾನಾ ವೆಸ್ಲಿ 1712ರಲ್ಲಿ ಗಂಡನಿಗೆ ಬರೆದ ಕಾಗದದಲ್ಲಿ ಯಾವ ಸಂಜೆ ಯಾವ ಮಗುವಿನೊಂದಿಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುತ್ತೇನೆಂಬ ಪಟ್ಟಿಯಿದೆ: ಗುರುವಾರ ಜಾನ್, ಶನಿವಾರ ಚಾರ್ಲ್ಸ್. ಕೂಟದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಅಂಥದೊಂದು ಪಟ್ಟಿ ಬರೆದುಕೊಂಡ ತಾಯಂದಿರ ಕೋರಿಕೆಗಳು ಕ್ರಮೇಣ ಸ್ಪಷ್ಟವಾಗುವುದನ್ನು ನೋಡಿದ್ದೇವೆ. ಮಗುವಿನ ಮನಸ್ಸಿನಲ್ಲಿ ಏನಿದೆಯೆಂದು ಅವರು ಊಹಿಸುತ್ತಾ ಕೂರಬೇಕಾಗಿಲ್ಲವಲ್ಲ.

ಗುಟ್ಟಿನ ನಿಯಮಕ್ಕೆ ಒಂದು ಹೊರತಿದೆ. ಮಗುವಿಗೆ ಯಾರಾದರೂ ಲೈಂಗಿಕವಾಗಿ ಅಥವಾ ಹೊಡೆದು ಬಡಿದು ಹಿಂಸೆ ಕೊಡುತ್ತಿದ್ದರೆ, ಮಗು ಸಾಯುವ ಮಾತಾಡುತ್ತಿದ್ದರೆ, ಕೈಕೊಯ್ದುಕೊಳ್ಳುತ್ತಿದ್ದರೆ, ಅದು ಮುಂದಿನ ವಾರದ ವಿಜ್ಞಾಪನೆಗೆ ಇಡುವ ವಿಷಯವಲ್ಲ. ಕೂಟ ಅಲ್ಲಿಗೆ ನಿಲ್ಲುತ್ತದೆ. ಒಬ್ಬರು ತಾಯಿಯ ಜೊತೆ ಅದೇ ದಿನ ವೈದ್ಯರ ಬಳಿಗೋ ಪೊಲೀಸರ ಬಳಿಗೋ ಹೋಗುತ್ತಾರೆ, ಉಳಿದವರು ಕುಳಿತು ಪ್ರಾರ್ಥಿಸುತ್ತಾರೆ. ಸಭೆಯ ಹೆಸರು ಕೆಡುತ್ತದೆಂಬ ಮಾತಿಗೆ ಇಲ್ಲಿ ಬೆಲೆ ಕೊಡಬೇಡಿ.

ಸೇರಲು ಆಗದ ವಾರ ಫೋನಿನಲ್ಲಿ ನಡೆಸುತ್ತೇವೆ. ಮೂವರಿಗಿಂತ ಹೆಚ್ಚಾದರೆ ಒಬ್ಬರ ಆಮೆನ್ ಇನ್ನೊಬ್ಬರ ಮಾತಿನ ಮೇಲೆ ಬಿದ್ದು ಏನೂ ಕೇಳಿಸುವುದಿಲ್ಲ. ಆದ್ದರಿಂದ ಪ್ರಾರ್ಥಿಸುವವರ ಹೊರತು ಎಲ್ಲರೂ ಮ್ಯೂಟ್, ಸರದಿ ಮೊದಲೇ ಗೊತ್ತು, ಅವಧಿ 30 ನಿಮಿಷ, ಮಗುವಿಗೊಂದು ವಚನ. ಸ್ಪೀಕರ್‌ನಲ್ಲಿ ಹಾಕಬಾರದು, ಪಕ್ಕದ ಕೋಣೆಯಲ್ಲಿ ಮಕ್ಕಳಿರುತ್ತಾರೆ. ಯಾರಾದರೂ ಕೂಟ ಬಿಟ್ಟು ಬೇರೆ ಊರಿಗೆ ಹೊರಟರೆ ಅವರ ನೋಟ್‌ಬುಕ್ ಅವರ ಜೊತೆಗೇ ಹೋಗುತ್ತದೆ. ನಮ್ಮ ಪುಸ್ತಕಗಳಲ್ಲಿ ಅವರ ಮಕ್ಕಳ ಬಗ್ಗೆ ಬರೆದುಕೊಂಡ ಪುಟಗಳಿದ್ದರೆ ಅವನ್ನು ಹರಿದು ಅವರ ಕೈಗೇ ಕೊಡುತ್ತೇವೆ.